ಥರ್ಮಾಕೋಲ್ ಡಬ್ಬಿಯ ಕಾವು

ಮೀನಂಗಡಿಯವರು ಬಿಸಾಡುವ ಥರ್ಮಾಕೋಲ್ ಡಬ್ಬಿ, ಹಳೆಯ ಕಂಪ್ಯೂಟರಿನಿಂದ ಕಿತ್ತ ಪುಟ್ಟ ಫ್ಯಾನು, ಎರಡು ತಂತಿಬಲ್ಬು, ಇನ್ನೂರು ರೂಪಾಯಿ ಆಸುಪಾಸಿನ ಒಂದು ಥರ್ಮೋಸ್ಟಾಟ್. ಮನೆಯಲ್ಲೇ ಕೋಳಿಮರಿ ಮಾಡಲು ಇಷ್ಟು ಸಾಕು ಅನ್ನುವವರು ಸುಳ್ಳೇನೂ ಹೇಳುತ್ತಿಲ್ಲ. ಆದರೆ ಆ ಪಟ್ಟಿಯಲ್ಲಿ ಒಂದು ಸಾಮಾನು ಬಿಟ್ಟುಹೋಗಿರುತ್ತದೆ: ನಂಬಬಹುದಾದ ಥರ್ಮಾಮೀಟರು. ಡಬ್ಬಿ ಎಂಥದ್ದೇ ಇರಲಿ, ಮರಿ ಬರುವುದೂ ಬಾರದಿರುವುದೂ ಒಂದು ಡಿಗ್ರಿಯ ಆಚೀಚೆ ತೀರ್ಮಾನವಾಗುತ್ತದೆ. ಕೈಯಲ್ಲಿ ಇರುವುದು ಸ್ವಲ್ಪವೇ ದುಡ್ಡಾದರೆ ಅದನ್ನು ಡಬ್ಬಿಯ ಅಂದಕ್ಕೆ ಹಾಕಬೇಡಿ, ಅಳತೆಗೆ ಹಾಕಿ ಎಂಬುದು ನನ್ನ ಲೆಕ್ಕ.

ಕಾವಿಗೆ ಕೂತ ಹೇಂಟೆ ಏನು ಮಾಡುತ್ತದೆ ಎಂದು ಮೊದಲು ನೋಡೋಣ. ಒಂದು ಸರದಿ ಮೊಟ್ಟೆ ಇಟ್ಟು ಮುಗಿಸಿದ ನಾಟಿಕೋಳಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಮೊಟ್ಟೆ ಇಡುವುದು ನಿಲ್ಲುತ್ತದೆ. ಹೊಟ್ಟೆಯಡಿಯ ಪುಕ್ಕ ಉದುರಿ, ಬಿಸಿ ಚರ್ಮ ನೇರವಾಗಿ ಮೊಟ್ಟೆಗೆ ತಾಗುತ್ತದೆ. ಹತ್ತಿರ ಹೋದರೆ ಮೈ ಉಬ್ಬಿಸಿಕೊಂಡು ಕುಕ್ಕಲು ಬರುತ್ತದೆ. ದಿನಕ್ಕೊಮ್ಮೆ ಕಾಲು ಗಂಟೆ ಎದ್ದು ಕಾಳು, ನೀರು ಮುಗಿಸಿ ಮತ್ತೆ ಬಂದು ಕೂರುತ್ತದೆ. ಕೂತಲ್ಲೇ ಕೊಕ್ಕಿನಿಂದ ಮೊಟ್ಟೆಗಳನ್ನು ಆಗಾಗ ಹೊರಳಿಸುತ್ತಿರುತ್ತದೆ. ವೈಟ್ ಲೆಗ್‌ಹಾರ್ನ್‌ನಂಥ ತಳಿಗಳಲ್ಲಿ ಈ ಗುಣವನ್ನೇ ತಲೆಮಾರುಗಟ್ಟಲೆ ಆಯ್ದು ಕಳೆದುಬಿಟ್ಟಿದ್ದಾರೆ, ಯಾಕೆಂದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಕಾವಿಗೆ ಕೂತ ಹೇಂಟೆ ಇದ್ದರೆ ಮುಂದೆ ಓದುವುದೇ ಬೇಡ, ಹತ್ತು ಹನ್ನೆರಡು ಮೊಟ್ಟೆ ಅದರಡಿ ಇಟ್ಟುಬಿಡಿ. ಅದಕ್ಕಿಂತ ಅಗ್ಗದ ಯಂತ್ರ ಇಲ್ಲ.

ಹೇಂಟೆ ಇಲ್ಲದೆ ಮರಿ ಮಾಡುವ ವಿದ್ಯೆ ಹೊಸದೇನಲ್ಲ. ಥರ್ಮಾಮೀಟರು ಹುಟ್ಟುವ ಎಷ್ಟೋ ಶತಮಾನ ಮೊದಲೇ ಈಜಿಪ್ಟಿನವರು ಮಣ್ಣಿನ ಇಟ್ಟಿಗೆಯ ಒಲೆಮನೆಗಳಲ್ಲಿ ಸಾವಿರಗಟ್ಟಲೆ ಮೊಟ್ಟೆಗೆ ಕಾವು ಕೊಡುತ್ತಿದ್ದರು. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಬಿಸಿ ಸರಿಯಿದೆಯೇ ಎಂದು ನೋಡುತ್ತಿದ್ದರು. 17ನೇ ಶತಮಾನದ ಆರಂಭದಲ್ಲಿ ಕೊರ್ನೇಲಿಸ್ ಡ್ರೆಬೆಲ್ ಎಂಬ ಡಚ್ ಕುಶಲಿ ಬಿಸಿಗೆ ಹಿಗ್ಗುವ ದ್ರವದಿಂದ ಒಲೆಯ ಗಾಳಿಕಿಂಡಿ ತಾನಾಗಿ ಮುಚ್ಚಿ ತೆರೆಯುವಂತೆ ಮಾಡಿದ. ಜಗತ್ತಿನ ಮೊದಮೊದಲ ಥರ್ಮೋಸ್ಟಾಟ್‌ಗಳಲ್ಲಿ ಅದೂ ಒಂದು, ಮತ್ತು ಅದು ಹುಟ್ಟಿದ್ದು ಕೋಳಿಮರಿಗಾಗಿ.

ಈಗ ಡಬ್ಬಿಗೆ ಬರೋಣ. ಅಗ್ಗದಲ್ಲಿ ಸಿಗುವ ಥರ್ಮೋಸ್ಟಾಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡಬ್ಲ್ಯು-1209 ಎಂಬ ಪುಟ್ಟ ಬೋರ್ಡು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೇಳಿದರೆ ತೆಗೆದುಕೊಡುತ್ತಾರೆ. ಹಳೆಯ ಮೋಡೆಮಿನ 12 ವೋಲ್ಟಿನ ಅಡಾಪ್ಟರು ಅದಕ್ಕೂ ಫ್ಯಾನಿಗೂ ಸಾಕು. ಕೊಂಡು ತಂದ ಬೋರ್ಡು ಸಾಮಾನ್ಯವಾಗಿ ತಂಪು ಮಾಡುವ ಯಂತ್ರಕ್ಕೆ ಹೊಂದಿಸಿದ್ದಾಗಿರುತ್ತದೆ, ಅಂದರೆ ಬಿಸಿಯಾದಷ್ಟೂ ಬಲ್ಬು ಉರಿಯುತ್ತಲೇ ಇರುತ್ತದೆ. ಪಿ-0 ಎಂಬಲ್ಲಿ ಅದನ್ನು ಬಿಸಿಗೆ ಬದಲಿಸಬೇಕು. ಪಿ-1 ಎಂಬುದು ಇನ್ನೂ ಮುಖ್ಯ. ಅಲ್ಲಿ 2 ಎಂದು ಇರುತ್ತದೆ: ಬಿಸಿ 2 ಡಿಗ್ರಿ ಇಳಿದ ಮೇಲಷ್ಟೇ ಬಲ್ಬು ಹತ್ತುತ್ತದೆ. ನೀರಿನ ತೊಟ್ಟಿಗೆ ಇದು ನಡೆದೀತು, ಮೊಟ್ಟೆಗಲ್ಲ. ಅದನ್ನು 0.3ಕ್ಕೆ ಇಳಿಸಿ. ಬಲ್ಬಿಗೆ ಹೋಗುವುದು 230 ವೋಲ್ಟು. ಆ ಒಂದು ತಂತಿಯ ಕೆಲಸವನ್ನು ಗೊತ್ತಿರುವವರ ಕೈಲಿ ಮಾಡಿಸಿ, ಇಲ್ಲಿ ಉಳಿತಾಯ ಬೇಡ. ಎಲ್‌ಇಡಿ ಬಲ್ಬು ಬಿಸಿ ಕೊಡುವುದು ಅಷ್ಟಕ್ಕಷ್ಟೆ, ಹಾಗಾಗಿ ತಂತಿಬಲ್ಬೇ ಬೇಕು. ದೊಡ್ಡದೊಂದರ ಬದಲು 25 ವ್ಯಾಟಿನವು ಎರಡಿದ್ದರೆ, ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಉರಿಯುತ್ತಿರುತ್ತದೆ.

ಫ್ಯಾನಿರುವ ಡಬ್ಬಿಯಲ್ಲಿ ಮೊಟ್ಟೆಗೆ ಬೇಕಾದ ಬಿಸಿ 37.5 ಡಿಗ್ರಿ ಸೆಲ್ಸಿಯಸ್. ಬೋರ್ಡಿನ ಅಂಕಿಯನ್ನು ಕುರುಡಾಗಿ ನಂಬಬೇಡಿ. ಜ್ವರ ನೋಡುವ ಥರ್ಮಾಮೀಟರು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಮನುಷ್ಯನ ಮೈಬಿಸಿಯ ಆಸುಪಾಸಿನಲ್ಲೇ ಅದು ಅತ್ಯಂತ ನಿಖರ, ಮೊಟ್ಟೆಯ 37.5 ಅಂದರೆ ಅದರಲ್ಲಿ 99.5 ಫ್ಯಾರನ್‌ಹೀಟ್. ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು ನೋಡಿ, ಬಂದ ವ್ಯತ್ಯಾಸವನ್ನು ಬೋರ್ಡಿನ ಪಿ-4ರಲ್ಲಿ ತುಂಬಿ. ಬಿಸಿ ಅಳೆಯುವ ತುದಿ ಮೊಟ್ಟೆಯ ಮೇಲ್ಮೈಯ ಎತ್ತರಕ್ಕಿರಲಿ, ಬಲ್ಬಿನ ಪಕ್ಕದಲ್ಲಲ್ಲ. ಕರೆಂಟು ಹೋದರೆ ಗಾಬರಿ ಬೇಡ, ಡಬ್ಬಿಯ ಮೇಲೆ ಕಂಬಳಿ ಹೊದಿಸಿ. ಒಳಗೆ ಮೊದಲೇ ನೀರು ತುಂಬಿದ ಒಂದೆರಡು ಬಾಟಲಿ ಇಟ್ಟಿದ್ದರೆ ಅವು ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಕೆಲವು ಗಂಟೆ ತಣ್ಣಗಾದರೂ ಭ್ರೂಣ ತಡೆದುಕೊಂಡೀತು. ಸೆಕೆ ಮಾತ್ರ ತಡೆಯದು. 40 ಡಿಗ್ರಿ ದಾಟಿದರೆ ಬೇಗನೆ ಸಾಯುತ್ತದೆ. ಎರಡನೆಯ ವಾರ ಕಳೆದ ಮೇಲೆ ಮೊಟ್ಟೆಗಳು ತಾವೇ ಬಿಸಿ ಬಿಡಲು ಶುರುಮಾಡುವುದರಿಂದ ಕೊನೆಯ ದಿನಗಳಲ್ಲಿ ಇದು ಇನ್ನೂ ನಿಜ.

ಮೊಟ್ಟೆಯ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಅಂಗಡಿಯ ಫಾರಂ ಮೊಟ್ಟೆಗೆ ಹುಂಜದ ಸಂಗವೇ ಇರುವುದಿಲ್ಲ, ಮರಿಯಾಗದು. ಹುಂಜ ಇರುವ ಮನೆಯಿಂದ ತನ್ನಿ, ತೊಳೆಯಬೇಡಿ, ದಪ್ಪ ತುದಿ ಮೇಲಾಗಿ ತಂಪಿನಲ್ಲಿಟ್ಟು ವಾರದೊಳಗೆ ಡಬ್ಬಿಗೆ ಹಾಕಿ. ಬೇಸಿಗೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿಟ್ಟರೆ ಆ ಸೆಕೆಗೇ ಭ್ರೂಣ ಅರೆಬರೆ ಬೆಳೆಯತೊಡಗಿ ಸೊರಗುತ್ತದೆ.

ಹೊಸಬರು ಹೆಚ್ಚು ತಪ್ಪುವುದು ನೀರಿನಲ್ಲಿ. ಚಿಪ್ಪಿನ ಮೇಲೆ ಸುಮಾರು 10,000 ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ ಆಮ್ಲಜನಕ ಒಳಕ್ಕೆ ಹೋಗುತ್ತದೆ, ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿ ಹೊರಕ್ಕೆ ಬರುತ್ತವೆ. ಹರ್ಮನ್ ರಾನ್, ಅಮೋಸ್ ಆರ್, ಚಾರ್ಲ್ಸ್ ಪಗನೆಲ್ಲಿ ಎಂಬ ವಿಜ್ಞಾನಿಗಳು 1970ರ ದಶಕದಲ್ಲಿ ಇದರ ಲೆಕ್ಕ ಹಾಕಿದ್ದರು: 21 ದಿನಗಳಲ್ಲಿ 60 ಗ್ರಾಮಿನ ಒಂದು ಮೊಟ್ಟೆ ಸುಮಾರು 6 ಲೀಟರ್ ಆಮ್ಲಜನಕ ಎಳೆದುಕೊಂಡು, 4.5 ಲೀಟರ್ ಇಂಗಾಲದ ಡೈ ಆಕ್ಸೈಡನ್ನೂ 11 ಲೀಟರ್ ನೀರಾವಿಯನ್ನೂ ಬಿಡುತ್ತದೆ. ಈ ಒಣಗುವಿಕೆ ನಷ್ಟವಲ್ಲ. ನೀರು ಹೋದ ಜಾಗದಲ್ಲೇ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ, ಮರಿ ಮೊದಲ ಉಸಿರು ಎಳೆಯುವುದು ಅಲ್ಲಿಂದಲೇ. ಕಡಿಮೆ ಒಣಗಿದರೆ ಗೂಡು ಸಣ್ಣದಾಗಿ ಮರಿ ತೇವದಲ್ಲೇ ಮುಳುಗುತ್ತದೆ, ಹೆಚ್ಚು ಒಣಗಿದರೆ ಒಳಪೊರೆ ಅಂಟಿಕೊಂಡು ತಿರುಗಲಾರದೆ ಸಿಕ್ಕಿಬೀಳುತ್ತದೆ.

ಹದಿನೆಂಟು ದಿನಕ್ಕೆ ತೂಕದಲ್ಲಿ ನೂರಕ್ಕೆ 12ರಷ್ಟು ಇಳಿಯಬೇಕು. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಹತ್ತು ಮೊಟ್ಟೆ ಒಟ್ಟಿಗೆ ತೂಗಿ. ಅರ್ಧ ಕಿಲೋ ಇದ್ದದ್ದು 440 ಗ್ರಾಮಿನ ಹತ್ತಿರ ಬಂದರೆ ಸರಿ. ಅಗ್ಗದ ತೇವಮಾಪಕಕ್ಕಿಂತ ನಾನು ಈ ತಕ್ಕಡಿಯನ್ನು ಹೆಚ್ಚು ನಂಬುತ್ತೇನೆ. ಡಬ್ಬಿಯ ತೇವ ನೂರಕ್ಕೆ 50ರ ಆಸುಪಾಸು ಇರಬೇಕೆಂದು ಎಲ್ಲರೂ ಬರೆಯುತ್ತಾರೆ, ಸರಿ. ಆದರೆ ಅದಕ್ಕೆ ಎಷ್ಟು ನೀರಿಡಬೇಕು ಎಂಬುದು ಊರಿನ ಮೇಲೆ ಹೋಗುತ್ತದೆ. ಮಳೆಗಾಲದ ಮಲೆನಾಡಿನ 25 ಡಿಗ್ರಿಯ ಗಾಳಿಯಲ್ಲಿ ನೂರಕ್ಕೆ 90 ತೇವ ಇದ್ದರೂ ಅದೇ ಗಾಳಿ ಡಬ್ಬಿಯೊಳಗೆ 37.5ಕ್ಕೆ ಕಾದರೆ ತೇವದ ಅಂಕಿ 44ಕ್ಕೆ ಇಳಿಯುತ್ತದೆ, ಒಂದು ಸಣ್ಣ ಬಟ್ಟಲು ನೀರು ಸಾಕು. ಮೇ ತಿಂಗಳ ಮಂಗಳೂರಿನ ಬೆವರಿಳಿಸುವ ಗಾಳಿ ಕಾದ ಮೇಲೂ 55 ಮುಟ್ಟೀತು, ನೀರೇ ಬೇಡ. ಅದೇ ತಿಂಗಳು ರಾಯಚೂರಿನ ಒಣಗಾಳಿ ಒಳಗೆ ಬಂದರೆ ಅಂಕಿ ತೀರಾ ಕೆಳಗಿರುತ್ತದೆ. ಅಗಲ ಬಾಯಿಯ ತಟ್ಟೆ ಬೇಕು. ತೇವ ಹೆಚ್ಚಿಸುವುದು ನೀರಿನ ಆಳವಲ್ಲ, ಅದರ ಮೈಹರವು.

ಮೊಟ್ಟೆಯ ಒಂದು ಬದಿಗೆ ಗುಣಾಕಾರ, ಇನ್ನೊಂದಕ್ಕೆ ಸೊನ್ನೆ ಪೆನ್ಸಿಲಿನಲ್ಲಿ ಬರೆದು ದಿನಕ್ಕೆ ಮೂರೋ ಐದೋ ಸಲ ಹೊರಳಿಸಿ. ಬೆಸಸಂಖ್ಯೆ ಯಾಕೆಂದರೆ, ರಾತ್ರಿಯ ಉದ್ದ ಹೊತ್ತು ದಿನ ಬಿಟ್ಟು ದಿನ ಬೇರೆ ಬೇರೆ ಮಗ್ಗುಲಿಗೆ ಬರುತ್ತದೆ. ಹೊರಳಿಸದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ, ಉಸಿರಾಟದ ರಕ್ತನಾಳಗಳ ಬಲೆಯೂ ಸರಿಯಾಗಿ ಹರಡುವುದಿಲ್ಲ.

ಏಳನೆಯ ರಾತ್ರಿ ದೀಪವಾರಿಸಿ, ಮೊಬೈಲ್ ಟಾರ್ಚಿನ ಮೇಲೆ ರಟ್ಟಿನ ಕೊಳವೆಯಿಟ್ಟು ಮೊಟ್ಟೆಯ ದಪ್ಪ ತುದಿಯನ್ನು ಅದರ ಬಾಯಿಗೆ ಒತ್ತಿ ಹಿಡಿಯಿರಿ. ಚಿಪ್ಪು ಕೆಂಪಗೆ ಬೆಳಗುತ್ತದೆ. ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡನ ಕಾಲಿನಂತೆ ಚಾಚಿದ ಎಳೆ ನರಗಳು; ಮೊಟ್ಟೆ ಅಲುಗಾಡದಂತೆ ಹಿಡಿದರೆ ಚುಕ್ಕೆ ತಾನೇ ಅಲುಗುವುದೂ ಕಾಣುತ್ತದೆ. ಏನೂ ಇಲ್ಲದೆ ಹಳದಿಯ ನೆರಳಷ್ಟೇ ಕಂಡರೆ ಅದು ಫಲವಾಗದ ಮೊಟ್ಟೆ. ರಕ್ತದ ಬಳೆಯೊಂದು ಕಂಡರೆ ಭ್ರೂಣ ಸತ್ತಿದೆ. ತೆಗೆದುಬಿಡಿ, ಕೊಳೆತು ಒಡೆದರೆ ಡಬ್ಬಿಯೇ ಕೆಟ್ಟುಹೋಗುತ್ತದೆ.

ಹದಿನೆಂಟನೆಯ ದಿನ ಹೊರಳಿಸುವುದು ನಿಲ್ಲಿಸಿ, ಅಡಿಗೆ ಗೋಣಿತಟ್ಟು ಹಾಸಿ (ನುಣುಪು ಕಾಗದವಾದರೆ ಮರಿಯ ಕಾಲು ಜಾರಿ ಅಗಲವಾಗುತ್ತದೆ), ಒದ್ದೆ ಸ್ಪಂಜಿಟ್ಟು ತೇವವನ್ನು 65–70ಕ್ಕೆ ಏರಿಸಿ. ಆಮೇಲೆ ಮುಚ್ಚಳ ಮುಟ್ಟಬೇಡಿ. ಒಳಗೆ ಈಗ ರಂಧ್ರಗಳಿಂದ ಬರುವ ಆಮ್ಲಜನಕ ಸಾಲದಾಗಿದೆ. ಇಂಗಾಲದ ಡೈ ಆಕ್ಸೈಡ್ ಏರಿ ಮರಿಯ ಕತ್ತಿನ ಹಿಂಭಾಗದ ಸ್ನಾಯು ಸೆಟೆಯುತ್ತದೆ, ಕೊಕ್ಕಿನ ತುದಿಯ ಗಡಸು ಮೊಳೆ ಗಾಳಿಗೂಡಿನ ಪೊರೆಯನ್ನು ಸೀಳುತ್ತದೆ. ಶ್ವಾಸಕೋಶ ಮೊದಲ ಸಲ ಕೆಲಸ ಮಾಡುತ್ತದೆ, ಒಳಗಿಂದಲೇ ಚಿಂವ್‌ಚಿಂವ್ ಕೇಳಿಸುತ್ತದೆ. ಇಪ್ಪತ್ತನೆಯ ಅಥವಾ ಇಪ್ಪತ್ತೊಂದನೆಯ ದಿನ ಚಿಪ್ಪಿನಲ್ಲಿ ಬಿರುಕು. ಮತ್ತೆ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಏನೂ ಆಗುವುದಿಲ್ಲ.

ಆಗುವುದಿಲ್ಲ ಅಂತ ಕಾಣುತ್ತದೆ, ಅಷ್ಟೆ. ಆ ಹೊತ್ತಿನಲ್ಲಿ ಪೊರೆಯ ರಕ್ತ ಮರಿಯ ಮೈಗೆ ಹಿಂದಿರುಗುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಪಾಪ ಎಂದು ನೀವು ಚಿಪ್ಪು ಸುಲಿದರೆ ರಕ್ತನಾಳ ಹರಿದು ಮರಿ ಸಾಯಬಹುದು. ಆ ಹಳದಿಯ ಬಲದಿಂದಲೇ ಮರಿ ಹುಟ್ಟಿದ ಮೇಲೂ ಎರಡು ದಿನ ಆಹಾರವಿಲ್ಲದೆ ಇರಬಲ್ಲದು. ಮೈ ಆರಿ ಉಬ್ಬುವವರೆಗೆ ಡಬ್ಬಿಯಲ್ಲೇ ಇರಲಿ.

ಹೊರಗೆ ತೆಗೆದ ಮೊದಲ ವಾರ 33ರಿಂದ 35 ಡಿಗ್ರಿಯ ಬೆಚ್ಚನೆ ಮೂಲೆ, ನೀರಿನ ತಟ್ಟೆಯಲ್ಲಿ ಮುಳುಗದಂತೆ ಬೆಣಚುಕಲ್ಲು ಬೇಕು. ಒಂದು ವಾರದ ಹೊತ್ತಿಗೆ ಕೊಕ್ಕರೆ ರೋಗದ ಲಸಿಕೆಯ ಹನಿ ಕಣ್ಣಿಗೋ ಮೂಗಿಗೋ ಹಾಕಿಸಬೇಕು, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಲಸಿಕೆಯ ಬಾಟಲಿ ನೂರಾರು ಕೋಳಿಗಾಗುವಷ್ಟು ದೊಡ್ಡದು, ಕಲಸಿದ ಮೇಲೆ ಗಂಟೆ ಎರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಡಬ್ಬಿಗೆ ಮೊಟ್ಟೆ ಇಡುವ ಮೊದಲೇ ಅಕ್ಕಪಕ್ಕದ ಮನೆಯವರಿಗೆ ದಿನ ಹೇಳಿಟ್ಟುಕೊಳ್ಳಿ. ಇನ್ನೊಂದು ಮಾತು: ಬಂದ ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಹುಂಜಗಳಾಗಿರುತ್ತವೆ. ಮೊಟ್ಟೆಯ ಆಸೆಗೆ ಡಬ್ಬಿ ಕಟ್ಟುವವರು ಈ ಭಾಗಾಕಾರವನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಲಿ.