ಶಿಲಾಯುಗದ ಊಟ, ಡೊಂಬಿವಲಿಯ ಅಡುಗೆಮನೆ



ಕಳೆದ ವರ್ಷ ಗಣೇಶ ಚತುರ್ಥಿಯ ನಂತರದ ಭಾನುವಾರ ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ನಿಮ್ಮಲ್ಲಿ ಮೂವರು ಬಾಳೆಲೆಯ ಮುಂದೆ ಕುಳಿತು, ಅನ್ನ ಬಡಿಸಲು ಬಂದವರಿಗೆ ಎರಡೂ ಕೈ ಅಡ್ಡ ಹಿಡಿದಿರಿ. ಸಾಂಬಾರು ಬೇಡ, ಪಾಯಸ ಬೇಡ, ಮಜ್ಜಿಗೆಯೂ ಬೇಡ. ಪಲ್ಯ ಮಾತ್ರ ಮೂರು ಸಲ ಹಾಕಿಸಿಕೊಂಡಿರಿ. ಬಡಿಸುತ್ತಿದ್ದ ಹಿರಿಯರು "ಏನಪ್ಪಾ, ಮೈಗೆ ಹುಷಾರಿಲ್ವಾ?" ಎಂದು ಕೇಳಿದರೆ, "ಪ್ಯಾಲಿಯೊ, ಅಂಕಲ್" ಎಂಬ ಉತ್ತರ ಬಂತು. ಅವರ ಕಿವಿಗೆ ಅದು ಪೋಲಿಯೊ ಎಂದು ಬಿದ್ದು, ಪಾಪ, ಅನ್ನದ ಬೋಗುಣಿ ಹಿಡಿದೇ ಗಾಬರಿಯಾಗಿ ನಿಂತುಬಿಟ್ಟರು. ಆ ಮೂವರಲ್ಲಿ ಒಬ್ಬಳು ನನ್ನ ಮಗಳು. ಈ ಬರಹಕ್ಕೆ ಅವಳೇ ಕಾರಣ.

ಪ್ಯಾಲಿಯೊ ಎಂದರೆ ಶಿಲಾಯುಗದ ಆಹಾರಕ್ರಮ. ಬೇಸಾಯ ಹುಟ್ಟಿದ್ದು ಸುಮಾರು ಹನ್ನೊಂದು-ಹನ್ನೆರಡು ಸಾವಿರ ವರ್ಷಗಳ ಈಚೆಗೆ. ಅದಕ್ಕೂ ಮುಂಚಿನ ಲಕ್ಷಾಂತರ ವರ್ಷ ಮನುಷ್ಯ ಬೇಟೆಯಾಡಿ, ಗೆಡ್ಡೆ ಅಗೆದು, ಹಣ್ಣು ಕಾಯಿ ಜೇನು ಸಂಗ್ರಹಿಸಿ ಬದುಕಿದ. ನಮ್ಮ ದೇಹ ರೂಪುಗೊಂಡದ್ದು ಆ ಆಹಾರಕ್ಕೆ, ಆದ್ದರಿಂದ ಅದನ್ನೇ ತಿನ್ನೋಣ ಎಂಬುದು ವಾದ. ಮೀನು, ಮಾಂಸ, ಮೊಟ್ಟೆ, ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆ, ಬೀಜಗಳಿಗೆ ಅನುಮತಿ ಇದೆ. ಅಕ್ಕಿ, ಗೋಧಿ, ರಾಗಿ, ಬೇಳೆಕಾಳು, ಹಾಲು, ಸಕ್ಕರೆ, ಕಾರ್ಖಾನೆಯ ತಿಂಡಿಗಳಿಗೆ ಇಲ್ಲ. ಅಮೆರಿಕದ ವೈದ್ಯ ವಾಲ್ಟರ್ ವೋಗ್ಟ್ಲಿನ್ 1975ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬಿಬ್ಬರು ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟಿಸಿದ ಮೇಲೆ ವಿದ್ವಾಂಸರೂ ಗಮನ ಕೊಟ್ಟರು. 2002ರ ಹೊತ್ತಿಗೆ ಲಾರೆನ್ ಕಾರ್ಡೈನ್ ಅವರ ಪುಸ್ತಕ ಇದನ್ನು ಮನೆಮಾತಾಗಿಸಿತು. ನಮ್ಮ ಮನೆಗೆ ಬರಲು ಮಾತ್ರ ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ನನಗೆ ಮೊದಲು ಬಂದದ್ದು ಸಿಟ್ಟು. ಗುಹೆಯ ಮನುಷ್ಯನ ಊಟವನ್ನು ಅಮೆರಿಕದವರು ಹೇಳಿಕೊಡಬೇಕೇ ಎಂದು ಮಗಳನ್ನು ಹಂಗಿಸಿದೆ. ಆಮೇಲೆ ನೆನಪಾಯಿತು, ಶಿಲಾಯುಗ ಅಮೆರಿಕದ ಸ್ವತ್ತೇನೂ ಅಲ್ಲ. ಚೆನ್ನೈಯಲ್ಲಿರುವ ಕನ್ನಡದ ಮಕ್ಕಳೇ, ನಿಮ್ಮ ಪಲ್ಲಾವರಂನಲ್ಲೇ 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಆದಿಮಾನವನ ಕಲ್ಲಿನ ಆಯುಧ ಸಿಕ್ಕಿತ್ತು. ಭಾರತದಲ್ಲಿ ಹಳೆ ಶಿಲಾಯುಗದ ಶೋಧ ಶುರುವಾದದ್ದೇ ಅಲ್ಲಿಂದ. ಪುಣೆಯವರು ಡೆಕ್ಕನ್ ಕಾಲೇಜಿನ ಹೆಸರು ಕೇಳಿರುತ್ತೀರಿ. ಅಲ್ಲಿನ ಪ್ರೊ. ಕೆ. ಪದ್ದಯ್ಯ ಅವರು ದಶಕಗಳ ಕಾಲ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಅಲೆದು ಕೆಲಸ ಮಾಡಿದರು. ಇಂದಿನ ಯಾದಗಿರಿ ಜಿಲ್ಲೆಯ ಆ ಪ್ರದೇಶದ ಇಸಾಂಪುರದಲ್ಲಿ ಆದಿಮಾನವ ಸುಣ್ಣಕಲ್ಲನ್ನು ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನಿಂದ ಅಂದಾಜು ಮಾಡಿದ ಕಾಲ ಸುಮಾರು 12 ಲಕ್ಷ ವರ್ಷ. ನಮ್ಮ ಊರಿನ ಮಣ್ಣಿನಲ್ಲಿ ಅನ್ನವಿಲ್ಲದೆ ಬದುಕಿದವರ ಲೆಕ್ಕ ಅಷ್ಟು ಹಿಂದಕ್ಕೆ ಹೋಗುತ್ತದೆ.

ಆದರೆ ಅವರು ತಿಂದದ್ದು ಇದೇ ಎಂದು ಪಟ್ಟಿ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹಿಮದ ನಾಡಿನವನು ಸೀಲ್ ಮಾಂಸ ತಿಂದ, ಆಫ್ರಿಕದ ಹಾಡ್ಜಾ ಜನ ಇಂದಿಗೂ ಗೆಡ್ಡೆ, ಜೇನು ತಿನ್ನುತ್ತಾರೆ. ಎಲ್ಲರೂ ಬೇಟೆ-ಸಂಗ್ರಹಣೆಯವರೇ, ತಟ್ಟೆ ಮಾತ್ರ ಬೇರೆ ಬೇರೆ. ಧಾನ್ಯ ಮುಟ್ಟಲೇ ಇಲ್ಲ ಎಂಬುದೂ ನಿಜವಲ್ಲ. ಇಸ್ರೇಲಿನ ಗೆಲಿಲಿ ಸರೋವರದ ದಂಡೆಯಲ್ಲಿ 23 ಸಾವಿರ ವರ್ಷಗಳ ಹಿಂದೆಯೇ ಜನ ಕಾಡು ಜವೆಗೋಧಿ ಆರಿಸಿ ಅರೆಯುತ್ತಿದ್ದರು. ಜೋರ್ಡಾನಿನಲ್ಲಿ 14 ಸಾವಿರ ವರ್ಷಕ್ಕೂ ಹಳೆಯ, ಬೇಸಾಯಕ್ಕಿಂತ ಮುಂಚಿನ ರೊಟ್ಟಿಯ ಚೂರುಗಳು ಸಿಕ್ಕಿದ ಸುದ್ದಿ 2018ರಲ್ಲಿ ಬಂತು. ಇನ್ನು ನಾವು "ಪ್ಯಾಲಿಯೊ" ಎಂದು ದುಬಾರಿ ಬೆಲೆಗೆ ತರುವ ಬ್ರೊಕೊಲಿ, ಹೂಕೋಸು, ಎಲೆಕೋಸು ಇವೆಲ್ಲ ಒಂದೇ ಗಿಡದಿಂದ ರೈತರು ಬೆಳೆಸಿ ರೂಪಿಸಿದವು. ಶಿಲಾಯುಗದವನು ಕಂಡೇ ಇರಲಿಲ್ಲ. ಬಂಗುಡೆಗೆ ಸವರುವ ಮೆಣಸಿನಕಾಯಿ ಕೂಡ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ದೇಹವೂ ನಿಂತ ನೀರಲ್ಲ. ಹಾಲು ಕುಡಿದು ಅರಗಿಸಿಕೊಳ್ಳುವ ಗುಣ ದೊಡ್ಡವರಲ್ಲೂ ಉಳಿದುಕೊಂಡದ್ದು ದನ ಸಾಕಿದ ಮೇಲೆ.

ಹಾಗಾದರೆ ಎಲ್ಲ ಬುರುಡೆಯೇ? ಅಲ್ಲ. ಸ್ವೀಡನ್ನಿನಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಕ್ಕರೆ ಅಂಶ ಹೆಚ್ಚಿದ್ದ 29 ಹೃದ್ರೋಗಿಗಳಲ್ಲಿ ಹನ್ನೆರಡು ವಾರ ಈ ಕ್ರಮ ಅನುಸರಿಸಿದವರ ರಕ್ತದ ಸಕ್ಕರೆ, ಧಾನ್ಯವೂ ಇದ್ದ ಇನ್ನೊಂದು ಒಳ್ಳೆಯ ಆಹಾರಕ್ರಮದವರಿಗಿಂತ ಹೆಚ್ಚು ಸುಧಾರಿಸಿತು. 2009ರಲ್ಲಿ 13 ಮಂದಿ ಮಧುಮೇಹಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಫಲ ಚೆನ್ನಾಗಿಯೇ ಇತ್ತು. ಆದರೆ 70 ಮಂದಿ ಹೆಂಗಸರನ್ನು ಎರಡು ವರ್ಷ ನೋಡಿಕೊಂಡ 2014ರ ಅಧ್ಯಯನದಲ್ಲಿ ಆರು ತಿಂಗಳಲ್ಲಿ ಕಂಡ ದೊಡ್ಡ ಅಂತರ ಕೊನೆಗೆ ಉಳಿಯಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗೆಯೇ ಇದೂ. ಇವು ಸಣ್ಣ ಪ್ರಯೋಗಗಳು ಎಂಬುದನ್ನೂ ಮರೆಯಬೇಡಿ.

ನಮಗೆ ಇದು ಬರೀ ಶೋಕಿಯ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ, ಇನ್ನೂ 13 ಕೋಟಿಗೂ ಹೆಚ್ಚು ಜನ ಹೊಸ್ತಿಲಲ್ಲಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲಿ ಧಾನ್ಯದಿಂದ ಬರುವ ಶಕ್ತಿ ಒಟ್ಟಿನಲ್ಲಿ ಶೇಕಡಾ 45ಕ್ಕೆ ಮೀರಬಾರದೆಂದಿದೆ. ನಿಮ್ಮ ತಟ್ಟೆಯನ್ನೊಮ್ಮೆ ನೋಡಿಕೊಳ್ಳಿ. ಬೆಳಿಗ್ಗೆ ಇಡ್ಲಿ, ಸ್ಟೇಷನ್ನಿನಲ್ಲಿ ವಡಾಪಾವ್, ಮಧ್ಯಾಹ್ನ ಡಬ್ಬದಲ್ಲಿ ಚಪಾತಿಯ ಜೊತೆ ಅನ್ನ, ಸಂಜೆ ಚಹಾದ ಜೊತೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಪಲ್ಯ ಎಂಬುದು ಉಪ್ಪಿನಕಾಯಿಯ ಅಣ್ಣನಷ್ಟು.

ನನ್ನ ತಂದೆ ಕ್ಯಾಂಟೀನಿನಲ್ಲಿ ದುಡಿದು ನಮ್ಮನ್ನು ಸಾಕಿದವರು, ಮಧುಮೇಹದಿಂದ ಎಡಗಾಲಿನ ಎರಡು ಬೆರಳು ಕಳೆದುಕೊಂಡರು. ನನ್ನ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ 7.8 ಎಂದು ವರದಿ ಬಂದ ದಿನ ಮಗಳು ಆ ಕಾಗದವನ್ನು ಮೇಜಿನ ಮೇಲಿಟ್ಟು, "ಪಪ್ಪಾ, ಅಜ್ಜನ ಕಾಲು ನೆನಪಿದೆಯಾ?" ಎಂದಳು. ಬೇರೇನೂ ಹೇಳಲಿಲ್ಲ. ಮರುದಿನದಿಂದ ನಾನೂ ಅನ್ನ ಬಿಟ್ಟೆ.

ಇಲ್ಲಿ ನನ್ನ ಮೂರ್ಖತನವನ್ನು ಮುಚ್ಚಿಡದೆ ಬರೆಯುತ್ತೇನೆ, ಏಕೆಂದರೆ ನಿಮ್ಮ ತಂದೆತಾಯಿಗೆ ಇದು ಬೇಕಾಗಬಹುದು. ನಾನಾಗಲೇ ಗ್ಲಿಮಿಪಿರೈಡ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಡಾಕ್ಟರಿಗೆ ಒಂದು ಮಾತೂ ಹೇಳದೆ ಊಟ ಬದಲಿಸಿದೆ. ಐದನೆಯ ದಿನ ಬೆಳಿಗ್ಗೆ ಎರಡು ಮೊಟ್ಟೆ, ಸ್ವಲ್ಪ ಸೊಪ್ಪು ತಿಂದು ಮಾತ್ರೆ ನುಂಗಿ ಲೋಕಲ್ ಹತ್ತಿದೆ. ಠಾಣೆ ದಾಟುವಾಗ ಕೈ ನಡುಗಲು ಶುರು, ಮೈಯೆಲ್ಲ ಬೆವರು, ಕಣ್ಣು ಕತ್ತಲೆ. ಆ ನೂಕುನುಗ್ಗಲಿನಲ್ಲಿ ಬೀಳಲೂ ಜಾಗವಿಲ್ಲ, ಅದೇ ನನ್ನ ಪುಣ್ಯ. ಪಕ್ಕದವನೊಬ್ಬ ತನ್ನ ಚೀಲದಿಂದ ಚಿಕ್ಕಿ ತೆಗೆದು ಬಾಯಿಗಿಟ್ಟ. ಘಾಟ್ಕೋಪರ್ ಬರುವ ಹೊತ್ತಿಗೆ ಜೀವ ಬಂತು. ಆ ಮಾತ್ರೆ ಊಟವಾಗಲಿ ಆಗದಿರಲಿ ಇನ್ಸುಲಿನ್ ಹೊರಡಿಸುತ್ತದೆ. ತಟ್ಟೆಯಿಂದ ಅನ್ನ ಇಳಿಸಿದವನು ಮಾತ್ರೆಯನ್ನೂ ಇಳಿಸಬೇಕಾಗುತ್ತದೆ, ಅದನ್ನು ವೈದ್ಯರೇ ನಿರ್ಧರಿಸಬೇಕು. ಡಾಕ್ಟರು ಬೈದು, ಪ್ರಮಾಣ ಅರ್ಧ ಮಾಡಿದರು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅವರನ್ನು ಹುರಿದುಂಬಿಸುವ ಮೊದಲು ಡಾಕ್ಟರ ಬಳಿಗೆ ಕರೆದೊಯ್ಯಿರಿ. ಮೂತ್ರಪಿಂಡದ ತೊಂದರೆ ಇದ್ದವರೂ ಹಾಗೆಯೇ.

ಇನ್ನು ಅಡುಗೆಮನೆಯ ಮಾತು. ಬಾದಾಮಿ ಹಿಟ್ಟಿನ ರೊಟ್ಟಿ, ಹೊರದೇಶದ ಹಣ್ಣು, ಡಬ್ಬಿಯ ಪುಡಿ ಇದ್ಯಾವುದಕ್ಕೂ ನೀವು ಸಂಬಳ ಸುರಿಯಬೇಕಿಲ್ಲ. ಮಾಟುಂಗಾ ಮಾರುಕಟ್ಟೆಗೆ ಹೋಗಿ ನಿಂತುಕೊಳ್ಳಿ. ಹರಿವೆ, ಬಸಳೆ, ನುಗ್ಗೆ, ತೊಂಡೆ, ಸುವರ್ಣಗೆಡ್ಡೆ, ಬಾಳೆದಿಂಡು, ಮಂಗಳೂರು ಸೌತೆ ಎಲ್ಲ ಸಿಗುತ್ತದೆ. ನಮ್ಮ ಕರಾವಳಿಯ ಅಡುಗೆಯಲ್ಲಿ ಅನ್ನವನ್ನು ಬದಿಗಿಟ್ಟರೆ ಉಳಿಯುವುದು ಬಹುಪಾಲು ಈ ಪಥ್ಯಕ್ಕೆ ಒಗ್ಗುವಂಥದ್ದೇ: ಬಂಗುಡೆ ಪುಳಿಮುಂಚಿ, ಕೋಳಿ ಸುಕ್ಕ, ತೆಂಗಿನ ತುರಿ ಹಾಕಿದ ಸೊಪ್ಪಿನ ಪಲ್ಯ, ಪುನರ್ಪುಳಿ ಸಾರು. ಪಾಪ್ಲೆಟ್ ಬೇಡ, ಬೂತಾಯಿ ಬಂಗುಡೆಗಳೇ ಅಗ್ಗ, ಒಳ್ಳೆಯ ಕೊಬ್ಬು ಅವುಗಳಲ್ಲೇ ಹೆಚ್ಚು. ಜೂನ್-ಜುಲೈಯಲ್ಲಿ ಮೀನುಗಾರಿಕೆ ನಿಷೇಧವಿರುವಾಗ ಮೊಟ್ಟೆಯೇ ಗತಿ. ಸುವರ್ಣಗೆಡ್ಡೆ, ಕೆಸು ಬೇಯಿಸುವಾಗ ಹುಣಸೆಹುಳಿ ಮರೆಯಬೇಡಿ, ಮರೆತರೆ ಗಂಟಲು ಇಡೀ ದಿನ ತುರಿಸುತ್ತದೆ. ಒಂದು ತಮಾಷೆ ನೋಡಿ: ಒಗ್ಗರಣೆಯಿಂದ ಉದ್ದಿನಬೇಳೆ ಆರಿಸಿ ತೆಗೆಯುವಷ್ಟು ಕಟ್ಟುನಿಟ್ಟಾಗಿದ್ದ ನನ್ನ ಮಗಳಿಗೆ, ಅಂಗಡಿಯ ಇಂಗಿನ ಡಬ್ಬಿಯ ಮೇಲೆ ಗೋಧಿಹಿಟ್ಟು ಎಂದು ಬರೆದದ್ದು ಕಂಡದ್ದು ಮೂರು ತಿಂಗಳ ನಂತರ!

ಇನ್ನೊಂದು ಮಾತು ಸ್ವಲ್ಪ ಖಾರವಾಗಿ ಹೇಳುತ್ತೇನೆ. ನಿಮ್ಮ ಪಥ್ಯಕ್ಕೆ ನಿಮ್ಮ ತಾಯಿ ಎರಡೆರಡು ಅಡುಗೆ ಮಾಡಬೇಕೆಂದು ಯಾವ ಶಿಲಾಯುಗದಲ್ಲೂ ಬರೆದಿಲ್ಲ. ಮೊದಲ ತಿಂಗಳು ನನ್ನ ಹೆಂಡತಿ ಬೆಳಿಗ್ಗೆ ಐದಕ್ಕೆ ಬದಲು ನಾಲ್ಕೂವರೆಗೆ ಏಳುತ್ತಿದ್ದಳು. ಅಪ್ಪ ಮಗಳು ಇಬ್ಬರೂ ಗಮನಿಸಿರಲಿಲ್ಲ. ಈಗ ಭಾನುವಾರ ತರಕಾರಿ ಹೆಚ್ಚಿ ಡಬ್ಬಗಳಲ್ಲಿ ತುಂಬುವುದು, ಮೀನು ತೊಳೆಯುವುದು ನಮ್ಮಿಬ್ಬರ ಪಾಲು.

ಸಸ್ಯಾಹಾರಿಗಳಾದ ಗೆಳೆಯರು ಕೇಳುತ್ತಾರೆ, ನಾವೇನು ಮಾಡಬೇಕು? ಅಕ್ಕಿಯ ಜೊತೆ ಬೇಳೆಯನ್ನೂ ಹಾಲನ್ನೂ ಬಿಟ್ಟರೆ ನಿಮಗೆ ಪ್ರೋಟೀನ್, ಸುಣ್ಣಾಂಶ, ಬಿ-12 ಬರುವ ದಾರಿಯೇ ಮುಚ್ಚುತ್ತದೆ. ಬಾದಾಮಿ, ತೆಂಗಿನಕಾಯಿ ಆ ಕೊರತೆ ತುಂಬಲಾರವು. ಹಾಗಾಗಿ ಪುಸ್ತಕದ ನಿಯಮವನ್ನು ಧೈರ್ಯವಾಗಿ ಮುರಿಯಿರಿ. ಸಕ್ಕರೆ, ಮೈದಾ, ಕರಿದ ತಿಂಡಿ ಬಿಡಿ, ಅನ್ನ ಚಪಾತಿ ಕಡಿಮೆ ಮಾಡಿ, ತರಕಾರಿ ಹೆಚ್ಚಿಸಿ. ಹುರುಳಿ, ಹೆಸರು, ಮೊಸರು ಇಟ್ಟುಕೊಳ್ಳಿ. ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ಜನ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಬೆಳೆದು ತಿಂದದ್ದು ಹುರುಳಿ, ಹೆಸರು, ಕೊರಲೆಯಂಥ ಸಿರಿಧಾನ್ಯವನ್ನೇ. ಅವರೂ ಕಲ್ಲಿನ ಕೊಡಲಿಯವರೇ, ಸ್ವಲ್ಪ ಈಚಿನವರು, ಅಷ್ಟೆ.

ಆರು ತಿಂಗಳಿಗೆ ನನ್ನ ಅಂಕಿ 6.6ಕ್ಕೆ ಇಳಿಯಿತು. ದಿನಾ ಸಂಜೆ ನಡೆಯುವುದನ್ನೂ ಶುರು ಮಾಡಿದ್ದೆ, ಆದ್ದರಿಂದ ಎಲ್ಲ ಕೀರ್ತಿಯನ್ನೂ ಶಿಲಾಯುಗಕ್ಕೆ ಕೊಡಲಾರೆ. ಈಗ ಮಧ್ಯಾಹ್ನ ಒಂದು ಸೌಟು ಕುಚ್ಚಲಕ್ಕಿ ಅನ್ನ ಉಣ್ಣುತ್ತೇನೆ. ಮಗಳು ಇನ್ನೂ ಉಣ್ಣುವುದಿಲ್ಲ.

ಇದರಿಂದ ನಿಜವಾಗಿ ನೊಂದವರು ನನ್ನ ಅಮ್ಮ. ಅವರಿಗೆ 82. ಮೊಮ್ಮಗಳು ಅನ್ನದ ತಟ್ಟೆ ದೂಡಿದಾಗಲೆಲ್ಲ ಅವರೂ ಅರ್ಧ ಉಂಡು ಏಳುತ್ತಿದ್ದರು. ಕೊನೆಗೊಂದು ರಾತ್ರಿ ಬಾಯಿಬಿಟ್ಟರು. ಹೇಳಿದ್ದು ತುಳುವಿನಲ್ಲಿ, ಕನ್ನಡದಲ್ಲಿ ಬರೆದರೆ ಅದರ ಕಾವು ಸ್ವಲ್ಪ ಆರುತ್ತದೆ. "ಆಟಿ ತಿಂಗಳಲ್ಲಿ ಮನೆಯ ಅಕ್ಕಿ ಮುಗಿದು ಹೋಗುತ್ತಿತ್ತು ಮಗಾ. ಕಣಿಲೆ, ಕೆಸು, ತಜಂಕಿನ ಸೊಪ್ಪು, ಹಲಸಿನ ಬೀಜ, ಕಾಡಿನ ಗೆಡ್ಡೆ, ಅದೇ ನಮ್ಮ ಊಟ. ಒಂದು ಹೊತ್ತಿನ ಗಂಜಿಗೆ ನನ್ನ ಅಮ್ಮ ಧಣಿಗಳ ಮನೆಯಲ್ಲಿ ಇಡೀ ದಿನ ಬಗ್ಗಿ ನಿಲ್ಲುತ್ತಿದ್ದರು. ನಿನ್ನ ಅಪ್ಪ ಮುಂಬಯಿಗೆ ಬಂದದ್ದು ಮಕ್ಕಳ ತಟ್ಟೆಯಲ್ಲಿ ಮೂರು ಹೊತ್ತೂ ಅನ್ನ ಇರಲಿ ಎಂದು. ಈಗ ಇವಳು ಅದೇ ತಟ್ಟೆ ದೂಡುತ್ತಾಳೆ."

ಮಗಳು ಆ ರಾತ್ರಿ ಉತ್ತರ ಕೊಡಲಿಲ್ಲ. ನನ್ನ ಬಳಿಯೂ ಇರಲಿಲ್ಲ. ನಮ್ಮ ಸಂಘಗಳಲ್ಲಿ ವರ್ಷವೂ "ಆಟಿಡೊಂಜಿ ದಿನ" ಮಾಡಿ ಅದೇ ಕಣಿಲೆ, ತಜಂಕು ಬಡಿಸಿ ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಅಮ್ಮ ಒಮ್ಮೆಯೂ ಯಾಕೆ ಬರಲಿಲ್ಲವೆಂದು ನನಗೆ ಅವತ್ತು ತಿಳಿಯಿತು.

ಈ ಸಲದ ಆಟಿಯಲ್ಲಿ ಊರಿನಿಂದ ಬಸ್ಸಿನಲ್ಲಿ ಕಣಿಲೆ ಬಂದಿತ್ತು. ಮಗಳೇ ಅಜ್ಜಿಯ ಮುಂದೆ ಕುಳಿತು "ಹೇಗೆ ಹೆಚ್ಚುವುದು ತೋರಿಸಿ" ಎಂದಳು. ಅಮ್ಮ ಮೊದಲು ಸುಮ್ಮನಿದ್ದು, ಆಮೇಲೆ ಚೂರಿ ಕೈಯಿಂದ ತೆಗೆದುಕೊಂಡರು. ಹೊರಗಿನ ಸಿಪ್ಪೆ ಎಲ್ಲಿಯವರೆಗೆ ಬಿಡಿಸಬೇಕು, ಗಂಟು ಬಂದ ಕಡೆ ಯಾಕೆ ಬಿಸಾಡಬೇಕು, ಮೂರು ದಿನ ನೀರಿನಲ್ಲಿ ನೆನೆಸಿ ದಿನಾ ನೀರು ಬದಲಿಸದಿದ್ದರೆ ವಿಷ ಹೇಗೆ ಉಳಿಯುತ್ತದೆ, ಎಲ್ಲ ಹೇಳಿದರು. ನಾಲ್ಕನೆಯ ದಿನ ಹೆಸರುಕಾಳು ಹಾಕಿ ಗಸಿ ಮಾಡಿದರು. ಊಟಕ್ಕೆ ಕುಳಿತಾಗ ಮಗಳು ಕಾಳುಗಳನ್ನು ಆರಿಸಿ ತಟ್ಟೆಯ ಬದಿಗೆ ಇಡತೊಡಗಿದಳು, ಅಜ್ಜಿ ನೋಡುತ್ತಿರುವುದು ಕಂಡು ಕೈ ನಿಲ್ಲಿಸಿದಳು.

"ಬಿಡು, ತಿನ್ನಬೇಡ," ಎಂದರು ಅಮ್ಮ. "ನಾಳೆ ಕಾಳು ಹಾಕದೆ ಮಾಡೋಣ. ಆದರೆ ಕಾಯಿ ತುರಿಯುವುದು ನೀನು."