ಭಾನುವಾರದ ದಾರಿ, ಅರ್ಕಾವತಿಯ ಜಾಡು

ಬೆಂಗಳೂರಿನವರಿಗೆ ಭಾನುವಾರ ಬಂತೆಂದರೆ ಊರು ಬಿಟ್ಟು ಹೊರಡುವ ಆತುರ. ಮೊದಲೆಲ್ಲ ಶನಿವಾರ ರಾತ್ರಿಯೇ ಪುಳಿಯೋಗರೆ ಕಲಸಿ, ಮೊಸರನ್ನದ ಡಬ್ಬಿ ತುಂಬಿ, ಜಮಖಾನ ಸುತ್ತಿಟ್ಟು ಮಲಗುತ್ತಿದ್ದರು. ಈಗ ಬಿಡದಿಯ ತಟ್ಟೆ ಇಡ್ಲಿಯನ್ನು ನಂಬಿ ಬರಿಗೈಲೇ ಹೊರಡುವವರು ಹೆಚ್ಚು. ಹೋಗುವ ಜಾಗಗಳು ಮಾತ್ರ ಅಷ್ಟಾಗಿ ಬದಲಾಗಿಲ್ಲ. ನಂದಿ ಬೆಟ್ಟ, ಶಿವಗಂಗೆ, ಹೆಸರಘಟ್ಟ, ಮಂಚನಬೆಲೆ, ಸಾವನದುರ್ಗ, ರಾಮದೇವರ ಬೆಟ್ಟ, ಚುಂಚಿ, ಸಂಗಮ, ಮೇಕೆದಾಟು. ಎಲ್ಲವೂ ನೂರು ಕಿಲೋಮೀಟರಿನ ಆಸುಪಾಸಿನವು; ಬೆಳಿಗ್ಗೆ ಹೊರಟು ಕತ್ತಲಾಗುವಷ್ಟರಲ್ಲಿ ಮನೆ ಸೇರಬಹುದಾದವು.

ಒಂದೊಂದಕ್ಕೂ ಒಂದೊಂದು ರಸ್ತೆ. ನಂದಿಗೆ ಬಳ್ಳಾರಿ ರಸ್ತೆ, ಶಿವಗಂಗೆಗೆ ತುಮಕೂರು ರಸ್ತೆ, ಸಾವನದುರ್ಗಕ್ಕೆ ಮಾಗಡಿ ರಸ್ತೆ, ರಾಮನಗರಕ್ಕೆ ಮೈಸೂರು ರಸ್ತೆ, ಸಂಗಮಕ್ಕೆ ಕನಕಪುರ ರಸ್ತೆ. ಊರಿನ ನಡುವಿನಿಂದ ಗಾಲಿಯ ಅರೆಕಾಲುಗಳಂತೆ ಚಾಚಿದ ಈ ರಸ್ತೆಗಳಲ್ಲಿ ಹೋಗಿ ಬರುವವನಿಗೆ ಈ ತಾಣಗಳಿಗೆ ಪರಸ್ಪರ ಏನಾದರೂ ನಂಟಿದೆ ಎಂದು ಅನ್ನಿಸುವುದೇ ಇಲ್ಲ. ಭೂಪಟದಲ್ಲಿ ಅಡ್ಡಡ್ಡ ನೋಡುವ ಬದಲು ನಂದಿಯ ಮೇಲೆ ಬೆರಳಿಟ್ಟು ತೆಂಕಣಕ್ಕೆ ಎಳೆದರೆ ಸಂಗತಿ ತಿಳಿಯುತ್ತದೆ. ಇವೆಲ್ಲವೂ ಒಂದೇ ನದಿಯ ದಂಡೆಯಲ್ಲಿ, ಇಲ್ಲವೇ ಅದಕ್ಕೆ ನೀರೂಡುವ ಇಳಿಜಾರಿನಲ್ಲಿವೆ. ಆ ನದಿ ಅರ್ಕಾವತಿ. ನಂದಿ ಬೆಟ್ಟದಲ್ಲಿ ಹುಟ್ಟಿ, ಸುಮಾರು 190 ಕಿ.ಮೀ. ಹರಿದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿನ ಭಾನುವಾರಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿರುವ ಈ ನದಿಯನ್ನು ನೋಡಲೆಂದೇ ಹೋದವರು ಮಾತ್ರ ವಿರಳ.

ನಂದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಈ ಬೆಟ್ಟಸಾಲಿನ ನೀರು ನಾಲ್ಕು ದಿಕ್ಕಿಗೂ ಹಂಚಿಹೋಗುತ್ತದೆ. ಉತ್ತರ ಪಿನಾಕಿನಿ ಆಂಧ್ರದ ಕಡೆಗೆ, ದಕ್ಷಿಣ ಪಿನಾಕಿನಿ ಮತ್ತು ಪಾಲಾರ್ ತಮಿಳುನಾಡಿನ ಕಡೆಗೆ, ಅರ್ಕಾವತಿ ಕಾವೇರಿಯ ಕಡೆಗೆ. ಗಾಂಧೀಜಿ 1927ರಲ್ಲಿ ಕಾಯಿಲೆ ಬಿದ್ದು ಇಲ್ಲಿ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ದಕ್ಷಿಣ ಏಷ್ಯಾದ ನಾಯಕರು ಒಟ್ಟಾಗಿ ಕುಳಿತು ಮಾತಾಡಿದ್ದೂ ಇದೇ ಬೆಟ್ಟದ ಮೇಲೆ. ಇಂದು ಬೆಳಗಿನ ಮಂಜನ್ನೂ ಸೂರ್ಯೋದಯವನ್ನೂ ನೋಡಲು ನಸುಕಿನಲ್ಲೇ ವಾಹನಗಳ ಸಾಲು ನಿಲ್ಲುತ್ತದೆ. ಟಿಪ್ಪು ಡ್ರಾಪ್‌ನಲ್ಲಿ ಒಂದು ಫೋಟೋ, ಒಂದು ಲೋಟ ಕಾಫಿ. ಒಂಬತ್ತು ಗಂಟೆಗೆಲ್ಲ ಇಳಿದು ಹೊರಟೇಹೋಗುತ್ತಾರೆ. ನಂದಿಯ ನಿಜವಾದ ಸಂಪತ್ತು ಇರುವುದು ಮೇಲಲ್ಲ, ಬುಡದಲ್ಲಿ. ಅಲ್ಲಿನ ಭೋಗನಂದೀಶ್ವರ ಗುಡಿಯ ಮೂಲ 9ನೇ ಶತಮಾನದ ಆರಂಭಕ್ಕೆ ಹೋಗುತ್ತದೆ. ನೊಳಂಬರಿಂದ ಹಿಡಿದು ಚೋಳರು, ಹೊಯ್ಸಳರು, ವಿಜಯನಗರದವರ ತನಕ ಆಳಿದವರೆಲ್ಲರ ಕೈ ಆ ಕಲ್ಲಿನಲ್ಲಿದೆ. ಒಳಗಿನ ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬಂದವರಿಗೆ ಮೇಲಿನ ಜಂಗುಳಿ ನೆನಪಿಗೂ ಬರುವುದಿಲ್ಲ.

ನಂದಿಯಿಂದ ಕೆಳಗಿಳಿದ ಅರ್ಕಾವತಿ ಮೊದಲಿಗೆ ನದಿಯಂತೆ ಕಾಣುವುದೇ ಇಲ್ಲ. ಅದು ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಮುಂದುವರಿಯುವ ನೀರು. ಒಂದು ಊರಿನ ಕೆರೆ ತುಂಬಿದ ಮೇಲೆ ಮುಂದಿನ ಊರಿಗೆ ಪಾಲು. ಹೀಗೆ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿಕೊಂಡು ಹೆಸರಘಟ್ಟಕ್ಕೆ ಬರುತ್ತದೆ.

ಹೆಸರಘಟ್ಟ ಎಂದರೆ ಇಂದಿನವರಿಗೆ ಹುಲ್ಲುಗಾವಲು, ಹಕ್ಕಿ, ಸಿನಿಮಾ ಚಿತ್ರೀಕರಣ, 1990ರಲ್ಲಿ ಪ್ರೋತಿಮಾ ಬೇಡಿ ಕಟ್ಟಿದ ನೃತ್ಯಗ್ರಾಮ. ನೂರಿಪ್ಪತ್ತು ವರ್ಷಗಳ ಹಿಂದಿನ ಬೆಂಗಳೂರಿಗನಿಗೆ ಹೆಸರಘಟ್ಟ ಎಂದರೆ ನಲ್ಲಿಯ ನೀರು. ಅದಕ್ಕೆ ಮೊದಲು ಊರು ಕುಡಿಯುತ್ತಿದ್ದದ್ದು ಧರ್ಮಾಂಬುಧಿ, ಸಂಪಂಗಿ, ಹಲಸೂರು, ಸ್ಯಾಂಕಿ ಮೊದಲಾದ ಕೆರೆಗಳ ಮತ್ತು ಬಾವಿಗಳ ನೀರನ್ನು. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಊರು ಬೆಳೆದಂತೆ ಕೆರೆಗಳು ಸಾಲದಾದವು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದಲ್ಲಿ ಅರ್ಕಾವತಿಯ ನೀರು ನಿಲ್ಲಿಸುವ ಕೆಲಸ ನಡೆಯಿತು. ಚಾಮರಾಜೇಂದ್ರ ಜಲ ಕಾಮಗಾರಿ ಎಂದು ಅದಕ್ಕೆ ಹೆಸರು. ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರಿನ ಓಟದಿಂದಲೇ ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಉಗಿಯಂತ್ರದ ಪಂಪಿನ ಬಲದಿಂದ ಬೆಂಗಳೂರಿಗೆ ಏರುತ್ತಿತ್ತು. ಆ ಕಾಲುವೆಯ ಕಮಾನುಗಳ ತುಣುಕುಗಳು ಹೊಲಗದ್ದೆಗಳ ನಡುವೆ ಇನ್ನೂ ನಿಂತಿವೆ. ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಗೆ ಅದು ಯಾವುದೋ ಪಾಳೆಯಗಾರನ ಕೋಟೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಮೂವತ್ತು ವರ್ಷ ತುಂಬುವಷ್ಟರಲ್ಲಿ ಹೆಸರಘಟ್ಟವೂ ಸಾಲದಾಯಿತು. 1920ರ ದಶಕದಲ್ಲಿ ಮಳೆ ಕೈಕೊಟ್ಟಾಗ ಊರು ಪೇಚಿಗೆ ಸಿಕ್ಕಿತು. ಆಗ ಕಣ್ಣು ಹೋದದ್ದು ಇನ್ನಷ್ಟು ಕೆಳಗೆ, ಅರ್ಕಾವತಿಗೆ ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯ ಮೇಲೆ. ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ರೂಪುಗೊಂಡ ಈ ಜಲಾಶಯ 1933ರಲ್ಲಿ ಸಿದ್ಧವಾಯಿತು. ಚಾಮರಾಜಸಾಗರ ಎಂಬುದು ಅದರ ಅಧಿಕೃತ ಹೆಸರಾದರೂ ಜನರ ಬಾಯಲ್ಲಿ ಉಳಿದದ್ದು ತಿಪ್ಪಗೊಂಡನಹಳ್ಳಿಯೇ.

ಕುಮುದ್ವತಿ ಹುಟ್ಟುವುದು ಶಿವಗಂಗೆಯಲ್ಲಿ. ತುಮಕೂರು ರಸ್ತೆಯಲ್ಲಿ ಡಾಬಸ್‌ಪೇಟೆ ದಾಟಿ ತಿರುಗಿದರೆ ಸಿಗುವ ಆ ಬೆಟ್ಟದಲ್ಲಿ ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆಯಿದೆ. ಒಳಕಲ್ಲು ತೀರ್ಥದಲ್ಲಿ ಕೈಹಾಕಿ ನೀರು ಸಿಕ್ಕಿದವನು ಪುಣ್ಯವಂತ, ಸಿಗದವನು ಮುಖ ಸಪ್ಪಗೆ ಮಾಡಿಕೊಳ್ಳುತ್ತಾನೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ದೇಹ ಬಿಟ್ಟದ್ದು ಇಲ್ಲೇ ಎನ್ನುತ್ತದೆ ಶಾಸನ.

1974ರಲ್ಲಿ ಕಾವೇರಿಯ ನೀರು ಬರುವ ತನಕ ಬೆಂಗಳೂರು ನಂಬಿದ್ದು ಮುಖ್ಯವಾಗಿ ಈ ಒಂದು ಹೊಳೆಯನ್ನು. ಸುಮಾರು ಎಂಬತ್ತು ವರ್ಷ ಊರನ್ನು ಸಾಕಿದ ಹೊಳೆ ಅದು. ಇಂದು ಹೆಸರಘಟ್ಟದ ಕೆರೆಯಂಗಳ ಬಹುಪಾಲು ವರ್ಷಗಳಲ್ಲಿ ಬಯಲು. 2022ರಂಥ ಅತಿವೃಷ್ಟಿಯ ವರ್ಷದಲ್ಲಷ್ಟೇ ನೀರು ಮುಖ ತೋರಿಸುತ್ತದೆ. ತಿಪ್ಪಗೊಂಡನಹಳ್ಳಿಗೆ ಬರುವ ನೀರು ದಶಕದಿಂದ ದಶಕಕ್ಕೆ ಇಳಿಯುತ್ತಾ ಹೋಗಿ, 2010ರ ದಶಕದ ಆರಂಭದಲ್ಲಿ ಅಲ್ಲಿಂದ ಊರಿಗೆ ಪೂರೈಕೆಯನ್ನೇ ನಿಲ್ಲಿಸಬೇಕಾಯಿತು.

ಮಳೆ ಕಡಿಮೆಯಾಯಿತು, ಅದಕ್ಕೇ ಹೊಳೆ ಬತ್ತಿತು ಎಂಬುದು ಎಲ್ಲರಿಗೂ ಅನುಕೂಲವಾದ ಉತ್ತರ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉತ್ತರವನ್ನು ಒಪ್ಪುವುದಿಲ್ಲ. ಮಳೆಯ ಪ್ರಮಾಣದಲ್ಲಿ ಹೊಳೆ ಬತ್ತುವಂಥ ಬದಲಾವಣೆ ಆಗಿಲ್ಲ, ಬದಲಾದದ್ದು ನೆಲ. ಕೊಳವೆ ಬಾವಿಗಳು ಆಳಕ್ಕೆ ಇಳಿದಂತೆ ಅಂತರ್ಜಲ ಕುಸಿಯಿತು. ಹಿಂದೆ ಅಂತರ್ಜಲವೇ ಒಸರಿ ಹೊಳೆಗೆ ಬೇಸಗೆಯಲ್ಲೂ ಉಸಿರು ಕೊಡುತ್ತಿತ್ತು. ಈಗ ಹೊಳೆಯ ನೀರೇ ನೆಲಕ್ಕೆ ಇಂಗಿಹೋಗುತ್ತದೆ. ರಾಗಿಯ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದವು. ನಂದಿಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಕಾಣುವ ಆ ನೆಟ್ಟನೆಯ ಮರಗಳ ಬೇರು ಎಳೆದುಕೊಳ್ಳುವುದು ಬೆಂಗಳೂರಿಗೆ ಬರಬೇಕಿದ್ದ ನೀರನ್ನೇ. ರೈತನನ್ನು ದೂರಿ ಪ್ರಯೋಜನವಿಲ್ಲ. ಕೂಲಿಯಾಳು ಸಿಗದ, ಮಳೆ ನಂಬಲಾಗದ ಜಮೀನಿನಲ್ಲಿ ಒಮ್ಮೆ ನೆಟ್ಟು ಮರೆತುಬಿಡಬಹುದಾದ ಬೆಳೆ ಬೇರೇನಿತ್ತು? ಜಲಾನಯನವನ್ನು ಕಾಪಾಡಲೆಂದು ಸರ್ಕಾರ 2003ರಲ್ಲಿ ಕಟ್ಟಡಗಳಿಗೂ ಕೈಗಾರಿಕೆಗಳಿಗೂ ನಿರ್ಬಂಧ ಹೇರಿತು. 2019ರಲ್ಲಿ ಅದೇ ನಿರ್ಬಂಧವನ್ನು ಸಡಿಲಿಸಿತು. ಈಗ ಪಶ್ಚಿಮ ಘಟ್ಟದ ಎತ್ತಿನಹೊಳೆಯ ನೀರನ್ನು ತಂದು ತಿಪ್ಪಗೊಂಡನಹಳ್ಳಿಯನ್ನು ತುಂಬಿಸುವ ಯೋಜನೆ ನಡೆದಿದೆ. ಮನೆಯ ಬಾವಿ ಮುಚ್ಚಿ ಪಕ್ಕದೂರಿಂದ ಕೊಡ ಹೊತ್ತು ತಂದಂತೆ.

ತಿಪ್ಪಗೊಂಡನಹಳ್ಳಿಯ ಕೆಳಗೆ ಮಂಚನಬೆಲೆ ಜಲಾಶಯ, ಅದರ ಮಗ್ಗುಲಲ್ಲೇ ಸಾವನದುರ್ಗ. ಮಂಚನಬೆಲೆಯ ನೀರು ನೋಡಲು ಶಾಂತ. ಈಜಲು ಇಳಿದು ಪ್ರಾಣ ಕಳೆದುಕೊಂಡ ಹುಡುಗರ ಸುದ್ದಿ ಬೇಸಗೆಯಲ್ಲಿ ಪತ್ರಿಕೆಗಳಿಗೆ ಹೊಸತಲ್ಲ. ಸಾವನದುರ್ಗ ಸುಮಾರು 1226 ಮೀಟರ್ ಎತ್ತರದ ಏಕಶಿಲೆ. ಕರಿಗುಡ್ಡ, ಬಿಳಿಗುಡ್ಡ ಎಂದು ಅದಕ್ಕೆ ಎರಡು ಹೆಗಲು. ಬೆಂಗಳೂರು ಕಟ್ಟಿದ ಮನೆತನದ ಕೊನೆಯ ಆಸರೆ ಇದು ಎಂಬುದನ್ನು ಬಂಡೆ ಹತ್ತುವವರು ನೆನೆಯುವುದು ಕಡಿಮೆ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಗೆದ್ದುಕೊಂಡಾಗ ಕೆಂಪೇಗೌಡನ ವಂಶದವರು ಮಾಗಡಿಗೆ ಸರಿದರು. 1728ರಲ್ಲಿ ಮೈಸೂರು ಮಾಗಡಿಯನ್ನೂ ಸಾವನದುರ್ಗವನ್ನೂ ವಶಪಡಿಸಿಕೊಳ್ಳುವವರೆಗೆ ಅವರು ಆಳಿದ್ದು ಇಲ್ಲಿಂದಲೇ.

ನಂದಿ ಮತ್ತು ಸಾವನದುರ್ಗ ಒಂದೇ ಯುದ್ಧದ ಕತೆಯಲ್ಲಿ ಮತ್ತೆ ಜೊತೆಯಾಗುತ್ತವೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನು ಹಿಡಿದ. ಆದರೆ ಹಿಂದೆ ಈ ದುರ್ಗಗಳು ಟಿಪ್ಪುವಿನ ಕೈಯಲ್ಲಿರುವಷ್ಟು ದಿನ ಶ್ರೀರಂಗಪಟ್ಟಣಕ್ಕೆ ಸೈನ್ಯ, ದವಸ ಸಾಗಿಸುವುದು ಕ್ಷೇಮವಲ್ಲ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಅವನ ಪಾಲಾದವು. ಇಂದು ಪ್ರವಾಸಿ ಯಾವ ಬೆಟ್ಟದಿಂದ ದೂರದ ನೋಟ ಚೆನ್ನ ಎಂದು ಹತ್ತುತ್ತಾನೋ, ಅದೇ ದೂರದ ನೋಟಕ್ಕಾಗಿ ಅಂದು ಅಲ್ಲಿ ಕೋಟೆ ಕಟ್ಟಿದ್ದರು.

ರಾಮನಗರದ ಬಂಡೆಗಳಿಗೆ 1975ರಲ್ಲಿ ತೆರೆಕಂಡ ‘ಶೋಲೆ’ ದೇಶದಲ್ಲೆಲ್ಲ ಹೆಸರು ತಂದಿತು. ಅವುಗಳ ನಿಜವಾದ ವಯಸ್ಸು 250 ಕೋಟಿ ವರ್ಷಗಳಷ್ಟು. ಶಿವಗಂಗೆ, ಸಾವನದುರ್ಗ, ರಾಮನಗರ ಮೂರೂ ಒಂದೇ ಕಲ್ಲಿನ ಪಟ್ಟಿಯವು. ಬ್ಯಾರಿ ಕ್ಲೋಸ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಿಂದ ಊರು ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಊರು ಆ ಹೆಸರನ್ನು ಬಿಟ್ಟು ಎಷ್ಟೋ ಕಾಲವಾದರೂ ಭೂವಿಜ್ಞಾನಿಗಳಿಗೆ ಆ ಕಲ್ಲು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’. 2025ರಲ್ಲಿ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಊರು ಬಿಟ್ಟು ಹೋದರೂ ಬೆಂಗಳೂರು ಬೆನ್ನು ಬಿಡದು. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಹತ್ತಿರದಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ಆರಂಭವಾದ ಜಾನಪದ ಲೋಕವಿದೆ. 2023ರಲ್ಲಿ ಹೊಸ ದಶಪಥ ರಸ್ತೆ ಆದಮೇಲೆ ಮೈಸೂರಿಗೆ ಹೋಗುವವರು ಊರನ್ನೇ ಬಳಸಿಕೊಂಡು ಹಾರಿಹೋಗುತ್ತಾರೆ. ಹಳೆಯ ರಸ್ತೆ ಹಿಡಿದವರಿಗಷ್ಟೇ ರೇಷ್ಮೆಗೂಡಿನ ಮಾರುಕಟ್ಟೆಯೂ ಜಾನಪದ ಲೋಕವೂ ಸಿಗುತ್ತವೆ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ಹೇಳುವ ವೃಷಭಾವತಿ ಊರಿನ ಕೊಳಚೆಯನ್ನೆಲ್ಲ ಹೊತ್ತು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಅಲ್ಲಿಂದ ಮುಂದೆ ಕನಕಪುರದ ಬಳಿ ಅರ್ಕಾವತಿಯನ್ನು ಕೂಡುತ್ತದೆ. ಮೇಲ್ಗಡೆ ಒಣಗಿದ ಅರ್ಕಾವತಿ ಇಲ್ಲಿಂದ ಕೆಳಗೆ ಬೇಸಗೆಯಲ್ಲೂ ಹರಿಯುವುದಕ್ಕೆ ಈ ನೀರೂ ಕಾರಣ. ಚುಂಚಿಯಲ್ಲಿ ಬಂಡೆಗಳ ಮೇಲಿಂದ ಧುಮುಕುವ ನೀರಿನಲ್ಲೂ ಊರಿನ ಪಾಲಿದೆ. ಆ ಪಾಲು ಮೂಲದಲ್ಲಿ ಬಹುಮಟ್ಟಿಗೆ ಕಾವೇರಿಯದೇ. ಶಿವನಸಮುದ್ರದ ಕಡೆಯಿಂದ ತೊರೆಕಾಡನಹಳ್ಳಿಗೆ ತಂದು, ಅಲ್ಲಿಂದ ಸುಮಾರು ನೂರು ಕಿ.ಮೀ. ದೂರ, ಐದುನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ ಊರಿಗೆ ಏರಿಸಿದ ನೀರು ಅಡುಗೆಮನೆ, ಬಚ್ಚಲುಗಳನ್ನು ಹಾದು, ವೃಷಭಾವತಿಯಾಗಿ, ಅರ್ಕಾವತಿಯಾಗಿ, ಮತ್ತೆ ಕಾವೇರಿಗೇ ಮರಳುತ್ತದೆ. ಮರಳುವ ಜಾಗವೇ ಸಂಗಮ.

ಸಂಗಮದಿಂದ ಸುಮಾರು ನಾಲ್ಕು ಕಿ.ಮೀ. ಕೆಳಗೆ, ಮೇಕೆ ಜಿಗಿದು ದಾಟಿತೆಂದು ಕತೆ ಹೇಳುವ ಬಂಡೆಗಳ ಇರುಕಿನಲ್ಲಿ ಕಾವೇರಿ ನುಗ್ಗುತ್ತದೆ. ಅಲ್ಲಿ 67 ಟಿಎಂಸಿಯ ಅಣೆಕಟ್ಟು ಕಟ್ಟಿ ಬೆಂಗಳೂರಿಗೆ ಇನ್ನಷ್ಟು ಕುಡಿಯುವ ನೀರು ತರಬೇಕೆಂಬುದು ಕರ್ನಾಟಕದ ಯೋಜನೆ. ತಮಿಳುನಾಡಿನ ವಿರೋಧದಿಂದ ವಿವಾದ ಎಳೆದಾಡುತ್ತಿದೆ. ಯೋಜನೆ ಕೈಗೂಡಿದರೆ ಮುಳುಗುವ ಜಾಗಗಳಲ್ಲಿ ಸಂಗಮವೂ ಒಂದು.

ಸದ್ಯಕ್ಕೆ ಭಾನುವಾರದ ಪ್ರವಾಸಿಗಳು ಸಂಗಮದಲ್ಲಿ ಕಾರು ನಿಲ್ಲಿಸಿ, ಹರಿಗೋಲಿನಲ್ಲೋ ಪ್ಯಾಂಟು ಮಡಚಿಕೊಂಡು ನಡೆದೋ ಆಚೆ ದಡ ಸೇರಿ, ಅಲ್ಲಿ ಕಾದಿರುವ ಬಸ್ಸಿನಲ್ಲಿ ಮೇಕೆದಾಟಿಗೆ ಹೋಗುತ್ತಾರೆ. ಮಕ್ಕಳು ನೀರಿಗೆ ಕೈಯದ್ದಿ ಕಾವೇರಿ ಎಂದು ಕೂಗುತ್ತವೆ. ಅವರು ದಾಟುವ ಆ ಹೊಳೆ ಅರ್ಕಾವತಿ.