ಒಂದು ಮನೆಯಲ್ಲಿ ಎರಡು ರೌಟರುಗಳು

ಮನೆಯಲ್ಲಿ ವಿದ್ಯುದ್ದೀಪ ಹತ್ತದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಬಲ್ಬನ್ನು ಬದಲಾಯಿಸಿ ನೋಡುತ್ತೇವೆ. ಅದರಿಂದ ಪ್ರಯೋಜನವಾಗದಿದ್ದರೆ ಫ್ಯೂಸನ್ನು ಪರೀಕ್ಷಿಸುತ್ತೇವೆ. ಅದೂ ಸರಿಯಾಗಿದ್ದರೆ ನೆರೆಮನೆಯಲ್ಲಿ ದೀಪವಿದೆಯೇ ಎಂದು ಇಣುಕಿ ನೋಡುತ್ತೇವೆ. ಹೀಗೆ ಕ್ರಮವಾಗಿ ದೋಷದ ನೆಲೆಯನ್ನು ಗೊತ್ತುಮಾಡುವುದು ಎಲ್ಲರಿಗೂ ರೂಢಿಯಾಗಿದೆ. ಆದರೆ ಅಂತರ್ಜಾಲದ ಸಂಪರ್ಕ ನಿಂತುಹೋದಾಗ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ರೌಟರ್ ಎಂಬ ಪೆಟ್ಟಿಗೆಯನ್ನು ಆರಿಸಿ, ಮತ್ತೆ ಹಚ್ಚಿ, ದೈವದ ಮೇಲೆ ಭಾರ ಹಾಕಿ ಕುಳಿತುಕೊಳ್ಳುತ್ತೇವೆ. ಸ್ವಾರಸ್ಯವೇನೆಂದರೆ, ಹಾಗೆ ಮಾಡಿದಾಗ ಎಷ್ಟೋ ಸಲ ಸಂಪರ್ಕವು ಸರಿಹೋಗುತ್ತದೆ. ಮರುದಿನ ಮತ್ತೆ ಕೆಡುತ್ತದೆ. ಏಕೆ ಸರಿಹೋಯಿತು, ಏಕೆ ಕೆಟ್ಟಿತು ಎಂಬುದು ತಿಳಿಯುವುದೇ ಇಲ್ಲ.

ಎರಡು ರೌಟರುಗಳಿರುವ ಮನೆಗಳಲ್ಲಿ ಈ ತೊಡಕು ವಿಶೇಷವಾಗಿ ಕಾಣಬರುತ್ತದೆ. ಅಂತಹ ಮನೆಯೊಂದನ್ನು ಊಹಿಸಿಕೊಳ್ಳೋಣ. ಸೇವೆಯನ್ನು ಒದಗಿಸುವ ಸಂಸ್ಥೆಯವರು ಗಾಜಿನ ಎಳೆಯ ಮೂಲಕ ಸಂಪರ್ಕವನ್ನು ತಂದು, ಕೆಳಗಿನ ಅಂತಸ್ತಿನಲ್ಲಿ ಒಂದು ಪೆಟ್ಟಿಗೆಯನ್ನು ಇಟ್ಟುಹೋಗಿದ್ದಾರೆ. ರೌಟರು ಅದರಲ್ಲಿಯೇ ಅಡಕವಾಗಿದೆ. ಕಾಂಕ್ರೀಟಿನ ತಾರಸಿಯನ್ನು ದಾಟಿ ನಿಸ್ತಂತು ಅಲೆಗಳು ಮಹಡಿಗೆ ಚೆನ್ನಾಗಿ ತಲಪುವುದಿಲ್ಲವಾದುದರಿಂದ, ಮನೆಯವರು ಪೇಟೆಯಿಂದ ಇನ್ನೊಂದು ರೌಟರನ್ನು ತಂದು ಮಹಡಿಯಲ್ಲಿಟ್ಟು, ಎರಡನ್ನೂ ಉದ್ದನೆಯ ಕೇಬಲಿನಿಂದ ಜೋಡಿಸಿದ್ದಾರೆ. ಮಹಡಿಯ ಕಂಪ್ಯೂಟರನ್ನು ಈ ಎರಡನೆಯ ರೌಟರಿಗೆ ಕೇಬಲಿನಿಂದಲೇ ಸೇರಿಸಿದೆ. ಕಾಲೇಜಿನ ಪ್ರವೇಶಕ್ಕೆ ಅರ್ಜಿ ಸಲ್ಲಿಸಲು ಅದು ಕಡೆಯ ದಿನ. ಕಂಪ್ಯೂಟರು ‘ಅಂತರ್ಜಾಲವಿಲ್ಲ’ ಎನ್ನುತ್ತದೆ. ಪಕ್ಕದಲ್ಲಿರುವ ಕೈಫೋನು ಮಾತ್ರ ಕೆಲಸ ಮಾಡುತ್ತಿದೆ. ಹಾಗಾದರೆ ದೋಷವಿರುವುದು ಎಲ್ಲಿ?

ಕೈಫೋನಿನ ಸಾಕ್ಷ್ಯವನ್ನು ನಾವು ಕೂಡಲೆ ನಂಬಬಾರದು. ಅದು ಕೆಳಗಿನ ರೌಟರಿನ ಕ್ಷೀಣವಾದ ಅಲೆಗಳನ್ನೋ, ದೂರವಾಣಿ ಕಂಪೆನಿಯ ಬೇರೆಯೇ ಸಂಪರ್ಕವನ್ನೋ ಹಿಡಿದಿರಬಹುದು. ಕಂಪ್ಯೂಟರಿನ ಹಾದಿಯೇ ಬೇರೆ. ಆ ಹಾದಿಯನ್ನು ತಿಳಿಯಬೇಕಾದರೆ ರೌಟರು ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡಬೇಕು.

ಒಂದು ಪೆಟ್ಟಿಗೆ, ಮೂರು ಕೆಲಸ

ಅಂತರ್ಜಾಲದಲ್ಲಿ ಸಂದೇಶಗಳು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಂಚರಿಸುತ್ತವೆ. ಪ್ರತಿಯೊಂದು ಪೊಟ್ಟಣದ ಮೇಲೂ ಕಳುಹಿಸಿದವರ ಮತ್ತು ಪಡೆಯುವವರ ವಿಳಾಸಗಳಿರುತ್ತವೆ. 1981ರಲ್ಲಿ ನಿಷ್ಕರ್ಷೆಯಾದ, ಇಂದಿಗೂ ಬಳಕೆಯಲ್ಲಿರುವ ಪದ್ಧತಿಯಲ್ಲಿ ಈ ವಿಳಾಸವು 32 ದ್ವಿಮಾನ ಅಂಕಿಗಳಷ್ಟು ಉದ್ದವಾಗಿದೆ. ಹೀಗಾಗಿ ಒಟ್ಟು ಸಾಧ್ಯವಾಗುವ ವಿಳಾಸಗಳು 4,29,49,67,296 ಮಾತ್ರ. ಜಗತ್ತಿನ ಎಲ್ಲ ಯಂತ್ರಗಳಿಗೆ ಇಷ್ಟು ಸಾಲದು. ಆದುದರಿಂದ ಮನೆಯೊಳಗಿನ ಬಳಕೆಗೆಂದು ಕೆಲವು ವಿಳಾಸಗಳನ್ನು 1994ರಲ್ಲಿ ಪ್ರತ್ಯೇಕವಾಗಿ ತೆಗೆದಿರಿಸಿದರು. 192.168 ಎಂದು ಮೊದಲಾಗುವ ವಿಳಾಸಗಳು ಈ ವರ್ಗಕ್ಕೆ ಸೇರಿದವು. ಇವು ಲಕ್ಷಾಂತರ ಮನೆಗಳಲ್ಲಿ ಏಕಕಾಲದಲ್ಲಿ ಇರಬಹುದು. ಹೊರಗಿನ ಲೋಕದಲ್ಲಿ ಇವಕ್ಕೆ ಬೆಲೆಯಿಲ್ಲ.

ಇದನ್ನು ಒಂದು ವಿದ್ಯಾರ್ಥಿನಿಲಯಕ್ಕೆ ಹೋಲಿಸಬಹುದು. ಅಂಚೆಯವನಿಗೆ ತಿಳಿದಿರುವುದು ನಿಲಯದ ವಿಳಾಸವೊಂದೇ. ಒಳಗಿನ ಕೊಠಡಿಗಳ ಸಂಖ್ಯೆ ಅವನಿಗೆ ಬೇಕಿಲ್ಲ. ನಿಲಯಪಾಲಕನು ಹೊಸದಾಗಿ ಬಂದವರಿಗೆ ಕೊಠಡಿಯನ್ನು ಗೊತ್ತುಮಾಡುತ್ತಾನೆ. ಹೊರಗೆ ಹೋಗುವ ಕಾಗದದ ಮೇಲೆ ಕೊಠಡಿಯ ಸಂಖ್ಯೆಯನ್ನು ಅಳಿಸಿ ನಿಲಯದ ವಿಳಾಸವನ್ನು ಬರೆದು, ಆ ಕಾಗದ ಯಾರದೆಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕವನ್ನು ನೋಡಿ ತಲಪಿಸುತ್ತಾನೆ. ಒಳಗಿನವರು ಪರಸ್ಪರ ಬರೆದುಕೊಂಡ ಚೀಟಿಗಳನ್ನು ಒಳಗೊಳಗೇ ಸಾಗಿಸುತ್ತಾನೆ. ರೌಟರಿನ ಮೂರು ಮುಖ್ಯ ಕೆಲಸಗಳೂ ಇವೇ: ವಿಳಾಸ ಹಂಚುವುದು, ವಿಳಾಸ ಬದಲಿಸುವುದು, ಒಳಗಿನ ತಂತಿಗಳನ್ನು ಕೂಡಿಸುವುದು. ವಿಳಾಸ ಹಂಚುವ ಏರ್ಪಾಟಿಗೆ ಡಿ.ಎಚ್.ಸಿ.ಪಿ. ಎಂದೂ, ಬದಲಿಸುವ ಏರ್ಪಾಟಿಗೆ ನ್ಯಾಟ್ ಎಂದೂ ಹೆಸರು.

ರೌಟರಿನ ಹಿಂಬದಿಯಲ್ಲಿ ಕೇಬಲುಗಳಿಗಾಗಿ ದ್ವಾರಗಳಿರುತ್ತವೆ. ‘ವ್ಯಾನ್’ ಎಂದು ಗುರುತಿರುವುದು ಹೊರದ್ವಾರ. ‘ಲ್ಯಾನ್’ ಎಂದು ಗುರುತಿರುವವು ಒಳದ್ವಾರಗಳು. ಮೇಲೆ ಹೇಳಿದ ಮನೆಯಲ್ಲಿ ಇರುವುದು ಇಬ್ಬರು ನಿಲಯಪಾಲಕರು. ಪ್ರತಿಯೊಬ್ಬನೂ ಕಾರ್ಖಾನೆಯಿಂದ ಹೊರಬರುವಾಗಲೇ ‘ಈ ಮನೆಗೆ ನಾನೊಬ್ಬನೇ ಅಧಿಕಾರಿ’ ಎಂಬ ಕಟ್ಟಳೆಯನ್ನು ಹೊತ್ತು ಬಂದಿರುತ್ತಾನೆ. ಬಹುಪಾಲು ತೊಡಕುಗಳ ಮೂಲ ಇಲ್ಲಿದೆ.

ಮೊದಲು ತಂತಿ

ಆದರೂ ಪರೀಕ್ಷೆಯನ್ನು ತಳದಿಂದಲೇ ಮೊದಲುಮಾಡಬೇಕು. ಕೇಬಲನ್ನು ಸಿಕ್ಕಿಸಿದಾಗ ದ್ವಾರದ ಬಳಿಯ ಪುಟ್ಟ ದೀಪವು ಹತ್ತದಿದ್ದರೆ ವಿಳಾಸಗಳ ವಿಚಾರವನ್ನೆತ್ತುವ ಅಗತ್ಯವೇ ಇಲ್ಲ. ಬೇರೊಂದು ಕೇಬಲನ್ನು ಹಾಕಿ ನೋಡಬೇಕು.

ಈ ಕೇಬಲಿನೊಳಗೆ ಎಂಟು ತಾಮ್ರದ ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಹೀಗೆ ಹೆಣೆಯುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಪೇಟೆಂಟು ಪಡೆದಿದ್ದನು. ಹೊರಗಿನ ವಿದ್ಯುತ್ ಕ್ಷೋಭೆಯು ಹೆಣೆದ ಎರಡು ತಂತಿಗಳನ್ನೂ ಸಮನಾಗಿ ತಟ್ಟುತ್ತದೆ. ಸಂದೇಶವಿರುವುದು ಎರಡು ತಂತಿಗಳ ವ್ಯತ್ಯಾಸದಲ್ಲಿ. ಆದುದರಿಂದ ಸಮನಾದ ಕ್ಷೋಭೆ ತಾನಾಗಿಯೇ ಕಳೆದುಹೋಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿಗಳು ಸಾಕು. 1999ರಲ್ಲಿ ನಿಷ್ಕರ್ಷೆಯಾದ 1000 ಮೆಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿಗಳು ಬೇಕು. ಆದುದರಿಂದ ಒಂದೇ ಒಂದು ತಂತಿ ಮುರಿದಿದ್ದರೂ, ಸಂಪರ್ಕವು ಪೂರ್ಣವಾಗಿ ನಿಲ್ಲದೆ ವೇಗ ಮಾತ್ರ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುವುದುಂಟು. ವೇಗವು ನೂರರ ಹತ್ತಿರ ಬಂದು ಮೇಲೇಳದೆ ನಿಂತಿದ್ದರೆ ಮೊದಲು ಕೇಬಲನ್ನೇ ಸಂದೇಹಿಸಬೇಕು. ಇಂತಹ ಕೇಬಲಿನ ಉದ್ದವು 100 ಮೀಟರನ್ನು ಮೀರಬಾರದೆಂಬ ನಿಯಮವೂ ಇದೆ. ಮನೆಗಳಲ್ಲಿ ಆ ಮಿತಿ ಮುಟ್ಟುವುದು ಅಪರೂಪ.

ಮುಂದಿನ ಹೆಜ್ಜೆ, ಹಾದಿಯನ್ನು ಎರಡಾಗಿ ಸೀಳುವುದು. ಕಂಪ್ಯೂಟರನ್ನು ಕೆಳಗೆ ಒಯ್ದು ಮೊದಲನೆಯ ರೌಟರಿಗೇ ನೇರವಾಗಿ ಸೇರಿಸಿ ನೋಡಿ. ಅಲ್ಲಿಯೂ ಸಂಪರ್ಕವಿಲ್ಲದಿದ್ದರೆ ದೋಷವು ಕಂಪ್ಯೂಟರಿನಲ್ಲಿ, ಆ ರೌಟರಿನಲ್ಲಿ ಅಥವಾ ಹೊರಗಿನ ಸೇವೆಯಲ್ಲಿದೆ. ಮಹಡಿಯ ರೌಟರು ನಿರಪರಾಧಿ. ಅಲ್ಲಿ ಸರಿಯಾಗಿದ್ದರೆ ದೋಷವಿರುವುದು ಮಹಡಿಯ ರೌಟರಿನಲ್ಲಿ ಅಥವಾ ನಡುವಣ ಕೇಬಲಿನಲ್ಲಿ. ಒಂದೇ ಪ್ರಯೋಗದಿಂದ ಅರ್ಧ ಮನೆಯ ಮೇಲಿನ ಸಂದೇಹ ನಿವಾರಣೆಯಾಯಿತು.

ವಿಳಾಸವು ಏನು ಹೇಳುತ್ತದೆ?

ತಂತಿ ಸರಿಯಾಗಿದ್ದರೆ, ಕಂಪ್ಯೂಟರಿಗೆ ದೊರೆತಿರುವ ವಿಳಾಸವನ್ನು ಅದರ ಜಾಲವಿವರಗಳ ಪುಟದಲ್ಲಿ ನೋಡಬೇಕು. ಅಲ್ಲಿಯೇ ಗೇಟ್‌ವೇ ಎಂಬ ಇನ್ನೊಂದು ವಿಳಾಸವೂ ಇರುತ್ತದೆ. ಮನೆಯಿಂದ ಹೊರಗೆ ಹೋಗುವ ಪೊಟ್ಟಣಗಳನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ತಿಳಿಸುವ ಹೆಬ್ಬಾಗಿಲು ಅದು.

ವಿಳಾಸವು 169.254 ಎಂದು ಮೊದಲಾಗಿದ್ದರೆ, ಕಂಪ್ಯೂಟರು ವಿಳಾಸವನ್ನು ಬೇಡಿದರೂ ಯಾರೂ ಉತ್ತರ ಕೊಡಲಿಲ್ಲವೆಂದು ಅರ್ಥ. ಅದು ತಾನಾಗಿಯೇ ಒಂದು ತಾತ್ಕಾಲಿಕ ವಿಳಾಸವನ್ನು ಆರಿಸಿಕೊಂಡಿದೆ. 192.168 ಎಂದು ಮೊದಲಾಗಿದ್ದರೆ, ಯಾರೋ ಕೊಟ್ಟಿದ್ದಾರೆ. ಆದರೆ ಕೊಟ್ಟವರು ಯಾರು? ಉತ್ತರವು ಎರಡು ರೌಟರುಗಳನ್ನು ಜೋಡಿಸಿರುವ ರೀತಿಯನ್ನು ಅವಲಂಬಿಸಿದೆ. ಜೋಡಿಸುವ ರೀತಿಗಳು ಎರಡು.

ಒಳದ್ವಾರದಿಂದ ಒಳದ್ವಾರಕ್ಕೆ

ಕೆಳಗಿನಿಂದ ಬಂದ ಕೇಬಲನ್ನು ಮಹಡಿಯ ರೌಟರಿನ ಒಳದ್ವಾರಕ್ಕೆ ಸಿಕ್ಕಿಸಿದೆಯೆಂದು ಭಾವಿಸೋಣ. ಆಗ ಇಡೀ ಮನೆ ಒಂದೇ ಜಾಲವಾಗುತ್ತದೆ. ಕಂಪ್ಯೂಟರು ಎದ್ದೊಡನೆ ‘ನನಗೆ ವಿಳಾಸ ಕೊಡುವವರು ಯಾರಿದ್ದೀರಿ?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಇಬ್ಬರು ಪಾಲಕರೂ ಓಗೊಡುತ್ತಾರೆ. ಸಾಮಾನ್ಯವಾಗಿ ಯಾರ ಉತ್ತರ ಮೊದಲು ತಲಪುವುದೋ ಅದನ್ನೇ ಕಂಪ್ಯೂಟರು ಅಂಗೀಕರಿಸುತ್ತದೆ. ಮೊದಲನೆಯ ರೌಟರಿನ ಉತ್ತರ ಸಿಕ್ಕಿದರೆ ಎಲ್ಲವೂ ಸರಿ. ಎರಡನೆಯದರ ಉತ್ತರ ಸಿಕ್ಕಿದರೆ, ಅದು ತನ್ನನ್ನೇ ಹೆಬ್ಬಾಗಿಲೆಂದು ಹೇಳಿಕೊಳ್ಳುತ್ತದೆ. ಆದರೆ ಅದರ ಹೊರದ್ವಾರದಲ್ಲಿ ಕೇಬಲೇ ಇಲ್ಲ! ಗೋಡೆಯ ಮೇಲೆ ಬರೆದ ಬಾಗಿಲಿನಂತೆ ಆ ಹೆಬ್ಬಾಗಿಲು ಎಲ್ಲಿಗೂ ತೆರೆಯುವುದಿಲ್ಲ.

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ಪೆಟ್ಟಿಗೆಯನ್ನು ಆರಿಸಿ ಹಚ್ಚಿದಾಗ, ಅಥವಾ ವಿದ್ಯುತ್ತು ಹೋಗಿ ಬಂದಾಗ, ಯಂತ್ರಗಳು ವಿಳಾಸಕ್ಕಾಗಿ ಹೊಸದಾಗಿ ಕೂಗುತ್ತವೆ. ಆ ಗಳಿಗೆಯಲ್ಲಿ ಯಾವ ರೌಟರು ಮೊದಲು ಎಚ್ಚರಗೊಂಡಿದೆಯೋ ಅದು ಗೆಲ್ಲುತ್ತದೆ. ಒಂದು ಸಲ ದೊರೆತ ವಿಳಾಸವನ್ನು ಯಂತ್ರವು ಗೊತ್ತಾದ ಅವಧಿಯವರೆಗೆ ಇಟ್ಟುಕೊಂಡು, ಅರ್ಧ ಅವಧಿ ಕಳೆದಾಗ ಕೊಟ್ಟವರನ್ನೇ ಕೇಳಿ ಅದನ್ನು ನವೀಕರಿಸಿಕೊಳ್ಳುತ್ತದೆ. ಹೀಗಾಗಿ ಒಂದೇ ರೌಟರಿಗೆ ಸೇರಿಸಿದ ಎರಡು ಕಂಪ್ಯೂಟರುಗಳಲ್ಲಿ ಒಂದು ವಾರಗಟ್ಟಲೆ ಸರಿಯಾಗಿಯೂ ಇನ್ನೊಂದು ಮೂಕವಾಗಿಯೂ ಇರಬಹುದು. ಪೆಟ್ಟಿಗೆಯನ್ನು ಆರಿಸಿ ಹಚ್ಚುವುದು ದೋಷದ ಪರಿಹಾರವಲ್ಲ. ದಾಳವನ್ನು ಇನ್ನೊಮ್ಮೆ ಉರುಳಿಸಿದಂತೆ, ಅಷ್ಟೆ.

ನಿಜವಾದ ಪರಿಹಾರ ಬಹಳ ಸುಲಭ. ಎರಡನೆಯ ರೌಟರಿನ ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಿಬಿಡಬೇಕು. ಅದರ ಸ್ವಂತ ವಿಳಾಸವನ್ನೂ ಬದಲಿಸಬೇಕು. ಏಕೆಂದರೆ ಅನೇಕ ರೌಟರುಗಳು ಕಾರ್ಖಾನೆಯಿಂದ 192.168.1.1 ಎಂಬ ವಿಳಾಸವನ್ನೇ ಹೊತ್ತು ಬರುತ್ತವೆ. ಒಂದೇ ಹೆಸರನ್ನು ಕೂಗಿದಾಗ ಇಬ್ಬರು ಓಗೊಟ್ಟರೆ ಕೂಗಿದವನು ಯಾರ ಬಳಿಗೆ ಹೋಗಬೇಕು? ಮೊದಲನೆಯದು 192.168.1.1 ಆಗಿದ್ದರೆ ಎರಡನೆಯದನ್ನು 192.168.1.2 ಮಾಡಬಹುದು, ಆ ಸಂಖ್ಯೆಯನ್ನು ಮೊದಲನೆಯದು ಬೇರೆಯವರಿಗೆ ಹಂಚದಂತೆ ನೋಡಿಕೊಳ್ಳಬೇಕು. ಈಗ ಎರಡನೆಯದು ತಂತಿಗಳನ್ನು ಕೂಡಿಸುವ, ಅಲೆಗಳನ್ನು ಬೀರುವ ಸಹಾಯಕ ಮಾತ್ರ.

ಒಳದ್ವಾರದಿಂದ ಹೊರದ್ವಾರಕ್ಕೆ

ಕೇಬಲನ್ನು ಮಹಡಿಯ ರೌಟರಿನ ಹೊರದ್ವಾರಕ್ಕೆ ಸಿಕ್ಕಿಸಿದರೆ ಸ್ಥಿತಿಯೇ ಬೇರೆ. ಆಗ ದೊಡ್ಡ ನಿಲಯದೊಳಗೆ ಚಿಕ್ಕ ನಿಲಯವೊಂದು ಏರ್ಪಡುತ್ತದೆ. ಇಬ್ಬರೂ ವಿಳಾಸ ಹಂಚಬಹುದು, ಏಕೆಂದರೆ ನಡುವೆ ಗಡಿಯಿದೆ. ಆದರೆ ಎರಡು ಕಡೆಯ ವಿಳಾಸಗಳ ಶ್ರೇಣಿ ಬೇರೆ ಬೇರೆಯಾಗಿರಲೇಬೇಕು. ಎರಡೂ 192.168.1 ಎಂದೇ ಮೊದಲಾದರೆ, ಮಹಡಿಯ ರೌಟರಿಗೆ ತನ್ನ ಒಳಗೂ ಹೊರಗೂ ಒಂದೇ ಊರು ಕಾಣುತ್ತದೆ. ಪೊಟ್ಟಣವನ್ನು ಯಾವ ಕಡೆಗೆ ಕಳುಹಿಸಬೇಕೆಂದು ಅದು ನಿರ್ಧರಿಸಲಾರದು. ಕೆಲವು ರೌಟರುಗಳು ಇದನ್ನು ಕಂಡುಕೊಂಡು ತಮ್ಮ ಶ್ರೇಣಿಯನ್ನು ತಾವೇ ಬದಲಿಸುತ್ತವೆ. ಎಲ್ಲವೂ ಹಾಗೆ ಮಾಡುವುದಿಲ್ಲ. ಎರಡನೆಯದರ ಒಳವಿಳಾಸವನ್ನು 192.168.2.1 ಎಂದು ಬದಲಿಸಿದರೆ ಗೊಂದಲ ತೀರುತ್ತದೆ.

ಈ ರೀತಿಯಲ್ಲಿ ಪೊಟ್ಟಣದ ವಿಳಾಸ ಎರಡು ಸಲ ಬದಲಾಗುತ್ತದೆ. ಪುಟಗಳನ್ನು ಓದಲು, ಪಾಠಗಳನ್ನು ನೋಡಲು ಇದರಿಂದ ಬಾಧಕವಿಲ್ಲ. ಆದರೆ ಮಹಡಿಯ ಯಂತ್ರವನ್ನು ಹೊರಗಿನವರು ತಾವಾಗಿ ಸಂಪರ್ಕಿಸಬೇಕಾದಾಗ, ಇಬ್ಬರು ಪಾಲಕರ ಪುಸ್ತಕದಲ್ಲಿಯೂ ಗುರುತಿಲ್ಲದ ಪೊಟ್ಟಣವು ಬಾಗಿಲಿನಲ್ಲಿಯೇ ಉಳಿಯುತ್ತದೆ. ಕೆಳಗಿನ ಮುದ್ರಣಯಂತ್ರವನ್ನು ಮಹಡಿಯ ಕಂಪ್ಯೂಟರು ಹುಡುಕಿದರೂ ಕಾಣದೆ ಹೋಗುವುದುಂಟು. ಇಂತಹ ಅಗತ್ಯಗಳಿರುವ ಮನೆಗೆ ಹಿಂದೆ ಹೇಳಿದ ರೀತಿಯೇ ಲೇಸು.

ಸುತ್ತುತ್ತಲೇ ಇರುವ ಪೊಟ್ಟಣ

ಇನ್ನೊಂದು ವಿಚಿತ್ರವಾದ ದೋಷವಿದೆ. ಒಂದು ಕೇಬಲು ಸಾಲದೆಂದು ಯಾರೋ ಎರಡು ರೌಟರುಗಳ ಒಳದ್ವಾರಗಳ ನಡುವೆ ಎರಡು ಕೇಬಲುಗಳನ್ನು ಹಾಕುತ್ತಾರೆ. ಎಲ್ಲರಿಗೂ ಕೇಳುವಂತೆ ಮಾಡಿದ ಕೂಗು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ, ಪುನಃ ಸುತ್ತುತ್ತದೆ. ದೂರದ ಪ್ರಯಾಣ ಮಾಡುವ ಪೊಟ್ಟಣಗಳ ಮೇಲೆ ಆಯುಷ್ಯದ ಅಂಕಿಯೊಂದಿದ್ದು, ಪ್ರತಿ ರೌಟರಿನಲ್ಲಿಯೂ ಅದು ಒಂದೊಂದು ಕಡಮೆಯಾಗುತ್ತದೆ. ಆದರೆ ಮನೆಯೊಳಗಿನ ತಂತಿಯಲ್ಲಿ ಓಡುವ ಈಥರ್‌ನೆಟ್ ಹೊದಿಕೆಗೆ ಅಂತಹ ಆಯುಷ್ಯವಿಲ್ಲ. ಕ್ಷಣಮಾತ್ರದಲ್ಲಿ ಜಾಲವೆಲ್ಲ ಪ್ರತಿಧ್ವನಿಗಳಿಂದ ತುಂಬಿ, ಎಲ್ಲ ದೀಪಗಳೂ ಒಮ್ಮೆಗೇ ಹುಚ್ಚೆದ್ದಂತೆ ಮಿನುಗುತ್ತವೆ. ಹೀಗೆ ಸುತ್ತು ಬೀಳದಂತೆ ತಡೆಯುವ ಉಪಾಯವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ ರೂಪಿಸಿದರು. ಆದರೆ ಮನೆಬಳಕೆಯ ಎಲ್ಲ ರೌಟರುಗಳಲ್ಲಿಯೂ ಅದು ಇರುವುದಿಲ್ಲ. ಹೆಚ್ಚಿನ ಕೇಬಲನ್ನು ಕಿತ್ತರೆ ರೋಗ ವಾಸಿ.

ನಾಲ್ಕು ಪ್ರಶ್ನೆಗಳು

ಇಷ್ಟನ್ನು ತಿಳಿದ ಮೇಲೆ, ಪಿಂಗ್ ಎಂಬ ಆಜ್ಞೆಯಿಂದ ಹಾದಿಯನ್ನು ಮೆಟ್ಟಲುಮೆಟ್ಟಲಾಗಿ ಪರೀಕ್ಷಿಸಬಹುದು. 1983ರಲ್ಲಿ ಮೈಕ್ ಮೂಸ್ ಎಂಬಾತನು ಅಮೆರಿಕದ ಸೈನ್ಯದ ಸಂಶೋಧನಾಲಯವೊಂದರಲ್ಲಿ ಇದನ್ನು ರಚಿಸಿದನು. ನೀರಿನೊಳಗೆ ಶಬ್ದವನ್ನು ಕಳುಹಿಸಿ ಪ್ರತಿಧ್ವನಿಯಿಂದ ವಸ್ತುಗಳನ್ನು ಗುರುತಿಸುವ ಸೋನಾರ್ ಉಪಕರಣದ ಸದ್ದೇ ಇದರ ಹೆಸರಿಗೆ ಮೂಲ. ಆಜ್ಞೆಯ ಮುಂದೆ ವಿಳಾಸವನ್ನು ಬರೆದರೆ ಆ ಯಂತ್ರದ ಮರುದನಿ ಕೇಳುತ್ತದೆ.

ಮೊದಲು ಎರಡನೆಯ ರೌಟರನ್ನು ಕೂಗಿ. ಉತ್ತರ ಬಾರದಿದ್ದರೆ ದೋಷವು ಕಂಪ್ಯೂಟರಿನ ಕೇಬಲಿನಲ್ಲಿ ಅಥವಾ ವಿಳಾಸದಲ್ಲಿದೆ. ಎರಡನೆಯದಾಗಿ ಕೆಳಗಿನ ರೌಟರನ್ನು ಕೂಗಿ. ಇಲ್ಲಿ ಮೌನವಾದರೆ ನಡುವಣ ಕೇಬಲು ಅಥವಾ ಶ್ರೇಣಿಗಳ ಘರ್ಷಣೆ ಕಾರಣ. ಮೂರನೆಯದಾಗಿ 8.8.8.8 ಎಂಬಂತಹ ಹೊರಗಿನ ವಿಳಾಸವನ್ನು ಕೂಗಿ. ಇಲ್ಲಿ ಮೌನವಾದರೆ ಹೆಬ್ಬಾಗಿಲನ್ನು ಪರೀಕ್ಷಿಸಿ. ಅದು ಸರಿಯಾಗಿದ್ದರೆ ಸೇವೆ ಒದಗಿಸುವವರಿಗೆ ತಿಳಿಸಿ. ಕೊನೆಯದಾಗಿ ಯಾವುದಾದರೂ ತಾಣವನ್ನು ಅಂಕಿಯಿಂದಲ್ಲದೆ ಹೆಸರಿನಿಂದ ಕೂಗಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ಹೆಸರನ್ನು ಅಂಕಿಗೆ ಮಾರ್ಪಡಿಸುವ ಡಿ.ಎನ್.ಎಸ್. ಸೇವೆ ಕೆಟ್ಟಿದೆಯೇ ಹೊರತು ಹಾದಿ ಕೆಟ್ಟಿಲ್ಲ. ಕೆಲವು ಯಂತ್ರಗಳು ಪಿಂಗಿಗೆ ಉತ್ತರಿಸದಂತೆ ಏರ್ಪಡಿಸಿರುವುದುಂಟು; ಆದುದರಿಂದ ಒಂದೇ ಮೌನದಿಂದ ತೀರ್ಮಾನಕ್ಕೆ ಬರದೆ, ಇನ್ನೊಂದು ವಿಳಾಸದಿಂದ ಅದನ್ನು ದೃಢಪಡಿಸಿಕೊಳ್ಳುವುದು ಒಳ್ಳೆಯದು.

ಈ ಪರೀಕ್ಷೆಗಳಲ್ಲೆಲ್ಲ ಒಂದು ನಿಯಮವನ್ನು ಮಾತ್ರ ಮರೆಯಬಾರದು: ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನೂ ಕಂಡದ್ದನ್ನೂ ಕಾಗದದ ಮೇಲೆ ಬರೆದಿಡುವುದು. ಕೇಬಲು, ವಿಳಾಸ, ದ್ವಾರ ಈ ಮೂರನ್ನೂ ಒಟ್ಟಿಗೆ ಬದಲಿಸಿ ಸಂಪರ್ಕವನ್ನು ಮರಳಿ ಪಡೆದವನಿಗೆ ಅಂದಿನ ಅರ್ಜಿಯನ್ನು ಕಳುಹಿಸಲು ಸಾಧ್ಯವಾಗಬಹುದು. ಆದರೆ ದೋಷವು ಯಾವುದೆಂದು ಅವನು ಅರಿಯಲಾರ, ಮುಂದಿನ ಸಲ ಮತ್ತೆ ಕತ್ತಲೆಯಲ್ಲಿಯೇ ತಡಕಾಡಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವುಗಳನ್ನು ಸ್ಥಿರವಾಗಿಡಬೇಕೆಂದು ನಾವು ಕಲಿಯುವ ಪಾಠವೇ ಇದು. ಮಹಡಿಯ ಮೂಲೆಯಲ್ಲಿ ಮಿನುಗುವ ಆ ಪುಟ್ಟ ಪೆಟ್ಟಿಗೆಗೂ ಅದೇ ಪಾಠ ಅನ್ವಯಿಸುತ್ತದೆ.